ದೊಡ್ಡ ಕ್ಯಾಥರಿನ್, ಚಿಕ್ಕ ಕ್ಯಾಥರಿನ್ ಅನ್ನಬಹುದೇ?

ಪ್ರಶ್ನೆ: ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಕಾದಂಬರಿಯಲ್ಲಿ ತಾಯಿ, ಮಗಳು ಇಬ್ಬರೂ ಕ್ಯಾಥರಿನ್. ಕೋಲಾರದ ಕಡೆ ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ ಅನ್ನುವ ಹಾಗೆ ಕನ್ನಡಕ್ಕೆ ಅನುವಾದ ಮಾಡುವಾಗ ಇವರಿಗೂ ದೊಡ್ಡ, ಚಿಕ್ಕ ಸೇರಿಸಿದರೆ ಆಗುತ್ತದೆಯೇ?

ಉತ್ತರ: ಬೇಡ. ನಮ್ಮ ಸೀಮೆಯಲ್ಲಿ ದೊಡ್ಡ, ಚಿಕ್ಕ, ಪಿಳ್ಳ ಅಂತ ಸೇರಿಸುವುದು ಹೆಚ್ಚಾಗಿ ಒಡಹುಟ್ಟಿದವರಿಗೆ. ಮುಳಬಾಗಿಲಿನ ಓದುಗರು ಇವರಿಬ್ಬರನ್ನೂ ಅಕ್ಕತಂಗಿ ಅಂದುಕೊಂಡಾರು. ಇಲ್ಲಿ ಮಗಳು ಹುಟ್ಟಿದ ಎರಡೇ ಗಂಟೆಗೆ ತಾಯಿ ತೀರಿಕೊಳ್ಳುತ್ತಾಳೆ, ಇಬ್ಬರನ್ನೂ ಒಂದೇ ಮನೆಯೊಳಗೆ ಕರೆಯುವ ಪ್ರಸಂಗವೇ ಬರಲಿಲ್ಲ.

ದಾರಿ ಕಾದಂಬರಿಯಲ್ಲೇ ಇದೆ. ತಾಯಿ ಕ್ಯಾಥರಿನ್‌ಳ ಗಂಡ ಎಡ್ಗರ್ ಲಿಂಟನ್ ಹೆಂಡತಿಯನ್ನು ಪೂರ್ತಿ ಹೆಸರು ಹಿಡಿದೇ ಕರೆಯುತ್ತಿದ್ದ, ಮಗಳನ್ನು ಮಾತ್ರ ಕ್ಯಾಥಿ ಅನ್ನುತ್ತಿದ್ದ. ಆ ಹೆಂಡತಿಯ ಹೆಸರನ್ನು ಅವಳ ಬಾಲ್ಯದ ಜೊತೆಗಾರ ಹೀತ್‌ಕ್ಲಿಫ್ ಮೊಟಕು ಮಾಡಿ ಕರೆಯುತ್ತಿದ್ದನಲ್ಲ, ಅದಕ್ಕೇ ಇರಬೇಕು ಅನ್ನುವುದು ಕಥೆ ಹೇಳುವ ಮನೆಗೆಲಸದಾಕೆ ನೆಲ್ಲಿಯ ಊಹೆ. ಅದನ್ನೇ ಅನುಸರಿಸಿ. ಆದರೆ ‘ಕ್ಯಾಥಿ’ ಎಂದಿರುವುದೆಲ್ಲ ಮಗಳೇ ಅಂದುಕೊಂಡು ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಬದಲಾಯಿಸಬೇಡಿ: 3ನೇ ಅಧ್ಯಾಯದಲ್ಲಿ ಹೀತ್‌ಕ್ಲಿಫ್ ಕಿಟಕಿ ತೆರೆದು ‘ಕ್ಯಾಥಿ, ಬಾ’ ಎಂದು ಅಳುವುದು ತಾಯಿಗಾಗಿ.

ಮನೆತನದ ಹೆಸರನ್ನು ನಂಬಿಕೊಂಡರಂತೂ ಕೆಟ್ಟಿರಿ. ತಾಯಿ ಹುಟ್ಟಿದ್ದು ಅರ್ನ್‌ಷಾ, ಮದುವೆಯಾಗಿ ಲಿಂಟನ್. ಮಗಳು ಹುಟ್ಟಿದ್ದು ಲಿಂಟನ್, ಹೀತ್‌ಕ್ಲಿಫ್‌ನ ಮಗ ಲಿಂಟನ್‌ನನ್ನು ಮದುವೆಯಾಗಿ ಹೀತ್‌ಕ್ಲಿಫ್, ತಾಯಿಯ ಅಣ್ಣನ ಮಗ ಹೇರ್ಟನ್ ಕೈಹಿಡಿದರೆ ಮತ್ತೆ ಅರ್ನ್‌ಷಾ. ಬರೀ ‘ಕ್ಯಾಥರಿನ್ ಲಿಂಟನ್’ ಅಂದರೆ ಯಾರು? ‘ಮಿಸೆಸ್ ಹೀತ್‌ಕ್ಲಿಫ್’ ಕೂಡ ಇಬ್ಬರು, ಹೀತ್‌ಕ್ಲಿಫ್‌ನ ಹೆಂಡತಿ ಇಸಬೆಲ್ಲಾ ಮತ್ತು ಈ ಕ್ಯಾಥಿ. 3ನೇ ಅಧ್ಯಾಯದಲ್ಲಿ ಕಿಟಕಿಯಂಚಿನ ಮೇಲೆ ಗೀಚಿದ ಮೂರು ಹೆಸರನ್ನು (ಕ್ಯಾಥರಿನ್ ಅರ್ನ್‌ಷಾ, ಕ್ಯಾಥರಿನ್ ಹೀತ್‌ಕ್ಲಿಫ್, ಕ್ಯಾಥರಿನ್ ಲಿಂಟನ್) ಮಾತ್ರ ಮುಟ್ಟಬೇಡಿ, ಟಿಪ್ಪಣಿಯೂ ಬೇಡ. ಅಲ್ಲಿ ಓದುವವರ ತಲೆ ಕೆಡಲೇಬೇಕು.

ಇನ್ನೊಂದು ಉತ್ತರ: ನಂಟಿನ ಮಾತುಗಳನ್ನು ಬಳಸಿಕೊಳ್ಳಿ. ಮೂಲದಲ್ಲಿ ಲಿಂಟನ್, ಹೇರ್ಟನ್ ಇಬ್ಬರೂ ಕ್ಯಾಥಿಗೆ ಬರೀ ಕಸಿನ್. ನಮ್ಮಲ್ಲಿ ಎಡ್ಗರ್‌ನ ತಂಗಿ ಇಸಬೆಲ್ಲಾಳ ಮಗ ಲಿಂಟನ್ ಸೋದರತ್ತೆ ಮಗ, ತಾಯಿಯ ಅಣ್ಣ ಹಿಂಡ್ಲೆಯ ಮಗ ಹೇರ್ಟನ್ ಸೋದರಮಾವನ ಮಗ. ಎರಡೂ ವರಸೆಗೆ ಸರಿಯಾದ ಸಂಬಂಧವೇ! ‘ಅತ್ತೆ ಮಗ ಲಿಂಟನ್’ ಅಂದುಬಿಟ್ಟರೆ ಮನೆತನದ ಲಿಂಟನ್‌ಗಳೊಡನೆ ಕಲಸಿಹೋಗುವುದಿಲ್ಲ.

ಆದರೆ 2ನೇ ಅಧ್ಯಾಯದಲ್ಲಿ ಕೈ ಬಿಗಿಹಿಡಿಯಿರಿ. ಹೀತ್‌ಕ್ಲಿಫ್‌ನ ಇನ್ನೊಂದು ಮನೆಗೆ ಬಾಡಿಗೆಗೆ ಬಂದ ಲಾಕ್‌ವುಡ್ ಕ್ಯಾಥಿಯನ್ನು ಮೊದಲು ಹೀತ್‌ಕ್ಲಿಫ್‌ನ ಹೆಂಡತಿ ಅಂದುಕೊಳ್ಳುತ್ತಾನೆ, ಆಮೇಲೆ ಹೇರ್ಟನ್‌ನ ಹೆಂಡತಿ. ‘ಸೊಸೆ’ ಎಂಬ ಮಾತು ಹೀತ್‌ಕ್ಲಿಫ್‌ನ ಬಾಯಿಂದಲೇ ಬರಬೇಕು. ಪುಸ್ತಕದ ಮೊದಲಿಗೇ ಪಾತ್ರಗಳ ಪಟ್ಟಿ ಹಾಕಿ ‘ಕ್ಯಾಥಿ: ಹೀತ್‌ಕ್ಲಿಫ್‌ನ ಸೊಸೆ’ ಎಂದು ಅಚ್ಚು ಹಾಕಿದರೆ ಆ ಅಧ್ಯಾಯ ಅಲ್ಲೇ ಸತ್ತಿತು. ವಂಶವೃಕ್ಷ ಕೊನೆಯ ಪುಟಕ್ಕೆ ಹೋಗಲಿ.