ಪದ ಬೇಕು, ತುರ್ತು: ವಿಮಾನ ಕಾಳಗದ ಆಟದಲ್ಲಿ ‘ಸ್ಟಾಲ್’ ಮತ್ತು ಇನ್ನು ಕೆಲವು

ಹಾಸನದಿಂದ

ಕನ್ನಡ ಪದ ಕಟ್ಟುವ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಕೆಲವು ಪದ ಬೇಕು. ನಮ್ಮ ಕಾಲೇಜು ಹಬ್ಬದಲ್ಲಿ ‘ವಾರ್ ಥಂಡರ್’ ಆಡಿಸುತ್ತಿದ್ದೇವೆ. ಎರಡನೇ ಮಹಾಯುದ್ಧದ ವಿಮಾನ ಹತ್ತಿ, ಆನ್‌ಲೈನ್‌ನಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ಹೊಡೆಯುವ ಆಟ. ಜೆಟ್ಟು, ಟ್ಯಾಂಕು ಎಲ್ಲ ಇವೆ, ನಮಗೆ ಅವು ಬೇಡ. ಎರಡು ಕಂಪ್ಯೂಟರ್, ಎರಡು ಜಾಯ್‌ಸ್ಟಿಕ್, ಗೋಡೆ ಮೇಲೆ ಒಂದು ಫ್ಲೆಕ್ಸ್. ಹೊಸಬರು ಹೇಗೆ ಶುರು ಮಾಡಬೇಕು ಅನ್ನೋದು ಆ ಫ್ಲೆಕ್ಸ್‌ನಲ್ಲಿ ಕನ್ನಡದಲ್ಲೇ ಇರಬೇಕು.

ಯಾಕೆ ಅಂದರೆ, ಮೊನ್ನೆ ಟ್ರಯಲ್ ನೋಡಿದೆವು. ಒಬ್ಬ ಹುಡುಗ ಎದುರಾಳಿ ಮೇಲೆ ಕಂಡ ಕೂಡಲೇ ಜಾಯ್‌ಸ್ಟಿಕ್ ಕಡ್ಡಿಯನ್ನು ಹೊಟ್ಟೆಗೆ ತಾಗುವಷ್ಟು ಎಳೆದ. ಅವನ ಸ್ಪಿಟ್‌ಫೈರ್ ವಿಮಾನ ಮೂತಿ ಎತ್ತಿತು, ಗಡಗಡ ನಡುಗಿತು, ಎಡಗಡೆ ರೆಕ್ಕೆ ಕುಸಿಯಿತು. ಪರದೆ ತುಂಬ ನೆಲವೇ ಸುತ್ತುತ್ತಿತ್ತು. ‘ಅಣ್ಣಾ, ಇಂಜಿನ್ ಆಫ್ ಆಯ್ತು!’ ಅಂದ. ಇಂಜಿನ್ ಚೆನ್ನಾಗೇ ಓಡುತ್ತಿತ್ತು. ‘ಅದು ಸ್ಟಾಲ್ ಕಣೋ’ ಅಂದೆ. ಹಿಂದೆ ನಿಂತಿದ್ದವನು ‘ಗೋಬಿ ಸ್ಟಾಲಾ?’ ಅಂದ. ಅಲ್ಲಿಗೆ ನನ್ನ ಪಾಠ ಮುಗಿಯಿತು.

ಬೇಕಾಗಿರೋದು ಇಷ್ಟು. ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲು ಆಗದೇ ಹೋಗುವ ಸ್ಟಾಲ್. ಅದರ ಮುಂದಿನ ಹಂತವಾದ, ಸುತ್ತುತ್ತಾ ಬೀಳುವ ಸ್ಪಿನ್. ಬಾಲದಲ್ಲಿ ಎಡಬಲ ಆಡುವ ಪಟ್ಟಿಯಾದ ರಡ್ಡರ್. ಎದುರಾಳಿಯ ಮುಂದಕ್ಕೆ ಗುರಿ ಇಡುವ ‘ಲೀಡ್’. ಮೇಲಿಂದ ಬಿದ್ದು ಹೊಡೆದು ಮತ್ತೆ ಮೇಲಕ್ಕೆ ಹೋಗುವ ‘ಬೂಮ್ ಅಂಡ್ ಜೂಮ್’. ಎತ್ತರ, ವೇಗ ಎರಡನ್ನೂ ಸೇರಿಸಿ ಹೇಳುವ ‘ಎನರ್ಜಿ’. ಹದಿನೆಂಟರ ಹುಡುಗರು ಓದುವಂಥದ್ದು, ಎಂಟಡಿ ದೂರದಿಂದ ಕಾಣಬೇಕು. ಹಾಗಾಗಿ ಪದ ಚಿಕ್ಕದಿರಲಿ.

ಮೈಸೂರಿನಿಂದ

ಸ್ಟಾಲ್: ಸ್ತಂಭನ. ಸ್ಪಿನ್: ಭ್ರಮಣ. ರಡ್ಡರ್: ದಿಶಾನಿಯಂತ್ರಕ ಫಲಕ. ಲೀಡ್: ಅಗ್ರಲಕ್ಷ್ಯ. ಎನರ್ಜಿ: ಶಕ್ತಿ. ಆಟದ ಹೆಸರಿಗೆ ‘ವೈಮಾನಿಕ ಯುದ್ಧಾನುಕರಣ ಕ್ರೀಡೆ’ ಎಂದು ಬರೆಯಿರಿ. ಉಳಿದದ್ದು ಬಾಲಿಶ, ಅದಕ್ಕೆ ಪದ ಬೇಕಿಲ್ಲ.

ಬೆಂಗಳೂರಿನಿಂದ

ಸ್ತಂಬನ, ಬ್ರಮಣ! ಇವನ್ನು ಓದುವ ಹೊತ್ತಿಗೆ ಆ ಹುಡುಗನ ಬಾನೋಡ ನೆಲ ಕಂಡಿರುತ್ತದೆ. ನೂರಾರು ವರುಶ ಸಂಸ್ಕ್ರುತದ ಮೂಟೆ ಹೊತ್ತಿದ್ದು ಸಾಲದೇ? ಕನ್ನಡದ್ದೇ ಬೇರುಗಳಿವೆ. ರಡ್ಡರ್‌ಗೆ ನಮ್ಮಲ್ಲಿ ಎಶ್ಟೋ ಕಾಲದಿಂದ ಅಪ್ಪಟ ಕನ್ನಡದ ‘ಚುಕ್ಕಾಣಿ’ ಇದೆ. ವಿಮಾನಕ್ಕೆ ‘ಬಾನೋಡ’ ಅನ್ನಿ: ಬಾನ್ ಮತ್ತು ಓಡ. ಓಡ ಅಂದರೆ ದೋಣಿ, ಹಳಗನ್ನಡದಲ್ಲೇ ಇದೆ. ಲೀಡ್‌ಗೆ ‘ಮುಂಗುರಿ’. ಮುಂಗೈ, ಮುಂಗಾರು, ಮುಂಗಡದ ಹಾಗೆ. ಗುರಿ ಕನ್ನಡದ್ದೇ ಪದ, ಸಂಸ್ಕ್ರುತ ಬೆರೆಸಿದ ಅರಿಸಮಾಸದ ತಕರಾರೂ ಇಲ್ಲ.

ಮೈಸೂರಿನಿಂದ

ಮೊದಲು ‘ಭ್ರಮಣ’ಕ್ಕೆ ಮಹಾಪ್ರಾಣ ಹಾಕಿ. ಆಮೇಲೆ ಮಾತಾಡೋಣ.

ಕುಂದಾಪುರದಿಂದ

ಮಾರಾಯ್ರೆ, ನಗು ಬಂತು. ಚುಕ್ಕಾಣಿ ‘ಅಪ್ಪಟ ಕನ್ನಡ’ವಾ? ಅದು ಅರಬ್ಬಿಯ ‘ಸುಕ್ಕಾನ್’. ಕಡಲ ವ್ಯಾಪಾರದ ಜೊತೆ ಬಂದು ಇಳಿದದ್ದು. ತಮಿಳಿನಲ್ಲಿ ಸುಕ್ಕಾನ್, ತೆಲುಗಿನಲ್ಲಿ ಚುಕ್ಕಾನಿ, ನಮ್ಮಲ್ಲಿ ಚುಕ್ಕಾಣಿ. ಇಂಗ್ಲಿಷರ ಹಡಗಿನಲ್ಲಿ ಅದನ್ನು ಹಿಡಿಯುತ್ತಿದ್ದ ಲಸ್ಕರನಿಗೆ, ಅಂದರೆ ನಮ್ಮ ಕಡೆಯ ನಾವಿಕನಿಗೆ, ‘ಸೀಕನಿ’ ಅಂತಿದ್ದರು, ಅದೂ ಇದೇ ಪದ. ನಮ್ಮ ಮೀನುಗಾರರಿಗೆ ಇದರಿಂದ ಏನೂ ನಷ್ಟವಾಗಿಲ್ಲ, ದೋಣಿ ತಿರುಗುತ್ತದೆ.

ಅಂದ ಹಾಗೆ ‘ಮುಂಗುರಿ’ ಚೆಂದ ಇದೆ. ಯಾರು ಹೇಳಿದ್ದು ಅಂತ ನೋಡದೆ ಇಟ್ಟುಕೊಳ್ಳಿ.

ಬೆಂಗಳೂರಿನಿಂದ, ಎರಡನೆಯವರು

ನಾನು ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪದದ ಬೇರು ಯಾವ ದೇಶದ್ದು ಅಂತ ಜಗಳ ಆಡುವ ಮೊದಲು, ವಸ್ತು ಏನು ಮಾಡುತ್ತದೆ ಅಂತ ನೋಡೋಣ.

ಸ್ಟಾಲ್‌ಗೆ ‘ಸ್ತಂಭನ’ ಆಗುವುದಿಲ್ಲ. ಅಲ್ಲಿ ಏನೂ ನಿಲ್ಲುವುದಿಲ್ಲ. ಇಂಜಿನ್ ಓಡುತ್ತಿರುತ್ತದೆ, ವಿಮಾನವೂ ಮುಂದಕ್ಕೆ ಹೋಗುತ್ತಿರುತ್ತದೆ. ರೆಕ್ಕೆಗೆ ಗಾಳಿ ಎದುರಾಗುವ ಕೋನ ಒಂದು ಮಿತಿ ದಾಟಿದಾಗ, ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಂಡುಬಿಡುತ್ತದೆ. ಎತ್ತುವ ಬಲ ತಟ್ಟನೆ ಇಳಿಯುತ್ತದೆ. ವೇಗ ಕಮ್ಮಿ ಇದ್ದರೆ ಮಾತ್ರ ಆಗುತ್ತದೆ ಅಂತಲೂ ಇಲ್ಲ. ಜೋರಾಗಿ ಹೋಗುವಾಗ ಕಡ್ಡಿಯನ್ನು ದಢಕ್ಕನೆ ಎಳೆದರೂ ಆಗುತ್ತದೆ. ಹಾಸನದ ಹುಡುಗ ಮಾಡಿದ್ದು ಬಹುಶಃ ಅದೇ. ಅವನಿಗೆ ಹೇಳಬೇಕಾದ್ದು ‘ಇಂಜಿನ್ ನೋಡು’ ಅಂತಲ್ಲ, ‘ಎಳೆಯೋದು ನಿಲ್ಲಿಸು, ಮೂತಿ ಇಳಿಸು’ ಅಂತ.

ಚುಕ್ಕಾಣಿ ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ಅರಬ್ಬಿಯೋ ಅಲ್ಲವೋ ನನಗೆ ಬೇಡ. ಪೇಪರಿನಲ್ಲಿ ‘ಪಕ್ಷದ ಚುಕ್ಕಾಣಿ ಹಿಡಿದರು’ ಅಂತ ಓದಿ ಓದಿ ಚುಕ್ಕಾಣಿ ಅಂದರೆ ತಿರುಗಿಸುವ ಚಕ್ರ ಅಂತ ಮಂದಿಯ ತಲೆಯಲ್ಲಿ ಕೂತಿದೆ. ದೋಣಿಯಲ್ಲಿ ಸರಿ. ವಿಮಾನ ತಿರುಗುವುದು ಮುಖ್ಯವಾಗಿ ರಡ್ಡರ್‌ನಿಂದ ಅಲ್ಲ. ರೆಕ್ಕೆ ತುದಿಯ ಐಲರಾನ್‌ನಿಂದ ವಿಮಾನವನ್ನು ಒಂದು ಬದಿಗೆ ವಾಲಿಸಿ, ಕಡ್ಡಿ ಎಳೆದಾಗ ತಿರುಗುತ್ತದೆ. ರಡ್ಡರ್ ಮೂತಿಯನ್ನು ನೇರ ಇಡಲಿಕ್ಕೆ. ಫ್ಲೆಕ್ಸ್‌ನಲ್ಲಿ ಚುಕ್ಕಾಣಿ ಅಂತ ಹಾಕಿದರೆ ಹುಡುಗರು ಅದನ್ನೇ ಒತ್ತಿ ತಿರುಗಿಸಲು ನೋಡುತ್ತಾರೆ. ನಿಧಾನಕ್ಕೆ ಹೋಗುವಾಗ ಕಡ್ಡಿಯನ್ನೂ ಎಳೆದು ರಡ್ಡರನ್ನೂ ಪೂರ್ತಿ ಒತ್ತಿದರೆ ಸೀದಾ ಸ್ಪಿನ್ನೇ.

ಟೇಕಾಫ್‌ಗೂ ಒಂದು ಸಾಲು ಇರಲಿ. ಮರ್ಲಿನ್ ಇಂಜಿನ್ನಿನ ಸ್ಪಿಟ್‌ಫೈರ್ ರನ್‌ವೇ ಮೇಲೆ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಕೊಡಬೇಕು. ಗ್ರಿಫನ್ ಇಂಜಿನ್ನಿನದು ಪ್ರೊಪೆಲ್ಲರ್ ಉಲ್ಟಾ ತಿರುಗುತ್ತದೆ, ಅದಕ್ಕೆ ಎಡ ರಡ್ಡರ್. ನಮ್ಮ ವಾಯುಪಡೆಯಲ್ಲೂ ಗ್ರಿಫನ್ ಸ್ಪಿಟ್‌ಫೈರ್‌ಗಳು ಇದ್ದವು. ಇನ್ನೊಂದು ವಿಷಯ, ಸಂಬಂಧ ಇಲ್ಲದಿದ್ದರೂ ಹೇಳುತ್ತೇನೆ. ಆ ಆಟದಲ್ಲಿ ಕರ್ಟಿಸ್ ಹಾಕ್ ಸಿಗುತ್ತದಲ್ಲ, ಅದರ ಅಣ್ಣತಮ್ಮನಾದ ಹಾಕ್ 75 ಅನ್ನು 1942ರಲ್ಲಿ ಬೆಂಗಳೂರಿನಲ್ಲೇ ಜೋಡಿಸಿ ಹಾರಿಸಿದ್ದಾರೆ, ಈಗಿನ ಎಚ್‌ಎಎಲ್‌ನಲ್ಲಿ. ಹುಡುಗರಿಗೆ ಅದನ್ನು ಹೇಳಿ.

ಕಾರ್ಖಾನೆಯ ಶಾಪಿನಲ್ಲಿ ನಾವು ರಡ್ಡರ್, ಎಲಿವೇಟರ್, ಫ್ಲ್ಯಾಪ್ ಅಂತಲೇ ಅನ್ನುತ್ತಿದ್ದೆವು. ಮನೆಯಲ್ಲಿ ಪಕ್ಕಾ ಕನ್ನಡ ಮಾತಾಡುವವರೂ ಹಾಗೇ.

ಬೆಂಗಳೂರಿನಿಂದ, ಮೊದಲನೆಯವರು

ಶಾಪಿನಲ್ಲಿ ಹಾಗೆ ಅನ್ನುತ್ತಿದ್ದುದು ಕಲಿಸಿದವರು ಇಂಗ್ಲಿಶಿನಲ್ಲಿ ಕಲಿಸಿದ್ದಕ್ಕೆ. ಅದು ವಾದ ಅಲ್ಲ, ಅಬ್ಯಾಸ. ಎಲ್ಲರೂ ಹೀಗೇ ಕೈ ಚೆಲ್ಲಿದರೆ ಈ ಗುಂಪು ಯಾಕೆ ಬೇಕು?

ಧಾರವಾಡದಿಂದ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಕೆ. ಎರಡೇ ಮಾತು ಹೇಳ್ತೀನಿ.

‘ಎನರ್ಜಿ’ಗೆ ಮೈಸೂರಿನವರು ಹೇಳಿದ ‘ಶಕ್ತಿ’ಯೇ ಇರಲಿ. ಯಾರಾದರೂ ‘ಕಸುವು’ ಅಂತ ತರುವ ಮೊದಲೇ ಹೇಳಿಬಿಡ್ತೀನಿ. ಮಕ್ಕಳು ಕನ್ನಡ ಮಾಧ್ಯಮದಲ್ಲಿ ಬಲ, ಕೆಲಸ, ಶಕ್ತಿ, ಸಾಮರ್ಥ್ಯ ಅಂತ ಬೇರೆ ಬೇರೆಯಾಗಿ ಕಲಿತಿರ್ತಾರೆ. ಪ್ರಚ್ಛನ್ನ ಶಕ್ತಿ, ಚಲನ ಶಕ್ತಿ ಅಂತ ಬರೆದು ಮಾರ್ಕ್ಸೂ ತಗೊಂಡಿರ್ತಾರೆ. ಮೇಲಿದ್ದರೆ ಪ್ರಚ್ಛನ್ನ, ಕೆಳಗೆ ಧುಮುಕಿದರೆ ಚಲನ. ಈ ಆಟದಲ್ಲಿ ನಡೆಯುವುದೂ ಅದೇ ಅಲ್ವಾ? ಇದ್ದ ಪದ ಕೆಡಿಸಬ್ಯಾಡ್ರಿ.

ಸ್ಟಾಲ್‌ಗೆ ನಮ್ಮ ಕಡೆ ಮಾತಿನಲ್ಲೇ ಪದ ಇದೆ. ಗುಡ್ಡ ಹತ್ತಿ ಬಂದವರು ‘ಕಾಲು ಸೋತ್ವು’ ಅಂತಾರೆ. ರೊಟ್ಟಿ ಬಡಿದು ಬಡಿದು ‘ಕೈ ಸೋತ್ವು’. ಕಾಲು ಅಲ್ಲೇ ಇರ್ತದೆ, ಮುರಿದಿರೋದಿಲ್ಲ, ಆದರೆ ಹೊರಲಾರದು. ಕಾರ್ಖಾನೆಯವರು ವಿವರಿಸಿದ್ದೂ ಇದನ್ನೇ. ‘ರೆಕ್ಕೆ ಸೋಲು’ ಅನ್ನಿ. ‘ರೆಕ್ಕೆ ಸೋತಿದೆ, ಮೂತಿ ಇಳಿಸು’ ಅಂದರೆ ಯಾರಿಗೂ ಗೋಬಿ ನೆನಪಾಗೋದಿಲ್ಲ.

ಮೈಸೂರಿನಿಂದ

ಸೋಲು ಎಂದರೆ ಪರಾಜಯ. ಆಟದಲ್ಲಿ ‘ಸೋತಿದೆ’ ಎಂದು ಬರೆದರೆ ಆಟವೇ ಮುಗಿಯಿತೆಂದು ಎದ್ದು ಹೋಗುತ್ತಾರೆ.

ಧಾರವಾಡದಿಂದ

‘ರೆಕ್ಕೆ’ ಅಂತ ಮೊದಲೇ ಇದೆಯಲ್ಲ ಸರ್. ಕಾಲು ಸೋತಿತು ಅಂದವರಿಗೆ ಯಾರ ಎದುರು ಅಂತ ಯಾರೂ ಕೇಳೋದಿಲ್ಲ.

ಹಾಸನದಿಂದ

ಮೇಡಂ, ‘ರೆಕ್ಕೆ ಸೋಲು’ ತಗೊಂಡೆ. ಇಲ್ಲೇ ಇಬ್ಬರಿಗೆ ಹೇಳಿ ನೋಡಿದೆ, ವಿವರಣೆ ಕೇಳಲಿಲ್ಲ. ಶಕ್ತಿ, ಮುಂಗುರಿ ಕೂಡ ಖಾಯಂ. ಇನ್ನು ಸ್ಪಿನ್. ಹುಡುಗರು ಅವರಾಗೇ ‘ಗೋತಾ ಹೊಡೀತು’ ಅಂತಿದ್ದಾರೆ. ಅದನ್ನೇ ಹಾಕಲಾ? ಬೂಮ್ ಅಂಡ್ ಜೂಮ್‌ಗೆ ಇನ್ನೂ ಏನೂ ಇಲ್ಲ.

ಬೆಂಗಳೂರಿನಿಂದ, ಮೊದಲನೆಯವರು

ಗೋತಾ ಉರ್ದುವಿನಿಂದ ಬಂದದ್ದು. ಬೇಡವೇ ಬೇಡ.

ಕುಂದಾಪುರದಿಂದ

ಚುಕ್ಕಾಣಿ ಬಿಟ್ಟ ಮೇಲೂ ಕಲಿಯಲಿಲ್ಲವಲ್ಲ! ನೀವು ಕೂತಿರುವ ಕುರ್ಚಿ ಅರಬ್ಬಿಯದು. ಮನೆಯ ಚಾವಿ ಪೋರ್ಚುಗೀಸರದು. ಇಷ್ಟು ಕೋಪ ಇದ್ದರೆ ನೆಲದ ಮೇಲೆ ಕೂತು, ಬಾಗಿಲು ತೆರೆದಿಟ್ಟು ಮಲಗಿ.

ಆದರೆ ಗೋತಾ ಬೇಡ ಅನ್ನುವುದಕ್ಕೆ ನಾನೂ ಸೈ. ಕಾರಣ ಬೇರೆ. ಗೋತಾ ಅಂದರೆ ಮೂತಿ ಕೆಳಗೆ ಮಾಡಿ ಧುಮುಕುವುದು. ಗಾಳಿಪಟ ಗೋತಾ ಹೊಡೆಯುತ್ತದೆ, ಪರೀಕ್ಷೆಯಲ್ಲಿ ಹುಡುಗ ಗೋತಾ ಹೊಡೆಯುತ್ತಾನೆ. ಸ್ಪಿನ್‌ನಲ್ಲಿ ಬೀಳುವುದು ಮಾತ್ರ ಅಲ್ಲ, ಸುತ್ತುತ್ತಾ ಬೀಳುವುದು. ಅದಕ್ಕೆ ‘ಗಿರಕಿ’. ಗಿರಕಿ ಹೊಡೆಯಿತು, ಗಿರಕಿ ಬಿಡಿಸು, ಎರಡೂ ನಡೆಯುತ್ತದೆ. ಗೋತಾವನ್ನು ಡೈವ್‌ಗೆ ಇಟ್ಟುಕೊಳ್ಳಿ, ಅಲ್ಲಿ ಅದು ಹೇಳಿ ಮಾಡಿಸಿದ ಪದ.

ಬೂಮ್ ಅಂಡ್ ಜೂಮ್‌ಗೆ ಇಷ್ಟು ಯೋಚನೆ ಯಾಕೆ? ಗಿಡುಗ ಅದನ್ನೇ ಅಲ್ಲವಾ ಮಾಡುವುದು! ‘ಎರಗಿ ಏರು’.

ಮೈಸೂರಿನಿಂದ

ಅದು ಱಕಾರದ ‘ಎಱಗು’. ಕಾವ್ಯಗಳಲ್ಲಿ ‘ನಮಸ್ಕರಿಸು’ ಎಂಬ ಅರ್ಥದಲ್ಲಿ ಸಾವಿರ ಕಡೆ ಇದೆ. ಶತ್ರುವಿಗೆ ನಮಸ್ಕರಿಸಿ ಏರುವುದೋ?

ಕುಂದಾಪುರದಿಂದ

ಬಾಗಿ ಕೆಳಕ್ಕೆ ಬರುವುದು ಮೂಲ ಅರ್ಥ. ಭಕ್ತ ಬಾಗಿದರೆ ನಮಸ್ಕಾರ, ಗಿಡುಗ ಬಾಗಿದರೆ ಕೋಳಿಮರಿ ಹೋಯಿತು. ಕಾವ್ಯದಲ್ಲಿ ‘ಮೇಲೆ ಬೀಳು’ ಅನ್ನುವ ಅರ್ಥವೂ ಇದೆ ಅಂತ ನಿಮಗೇ ಗೊತ್ತು. ಸುಮ್ನೆ ಕಾಲೆಳೆಯಬೇಡಿ.

ಬೆಂಗಳೂರಿನಿಂದ, ಎರಡನೆಯವರು

‘ಎರಗಿ ಏರು’ ಒಪ್ಪಿದೆ. ಯಾವ ವಿಮಾನಕ್ಕೆ ಅಂತಲೂ ಬರೆಯಿರಿ. ಅಮೆರಿಕದ ಪಿ-47 ತೂಕದ್ದು, ಗೋತಾದಲ್ಲಿ ಅದನ್ನು ಹಿಡಿಯುವುದು ಕಷ್ಟ, ಅದಕ್ಕೆ ಎರಗಿ ಏರುವುದು ಸರಿ. ಜಪಾನಿನ ಝೀರೋ ಹಗುರ, ನಿಧಾನದಲ್ಲಿ ಚೆನ್ನಾಗಿ ತಿರುಗುತ್ತದೆ. ಜೋರು ವೇಗದಲ್ಲಿ ಅದರ ಕಡ್ಡಿ ಕಲ್ಲಾಗುತ್ತದೆ. ಝೀರೋ ಜೊತೆ ಸುತ್ತು ಹಾಕುತ್ತಾ ಕೂತ ಪಿ-47ರವನು ಉಳಿಯುವುದಿಲ್ಲ.

ಮುಂಗುರಿ ಎಷ್ಟು ಅಂತ ಹುಡುಗರು ಕೇಳುತ್ತಾರೆ. ಲೆಕ್ಕ ಹೀಗೆ. ಎದುರಾಳಿ ಅಡ್ಡಕ್ಕೆ ಗಂಟೆಗೆ 400 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 111 ಮೀಟರ್ ಆಯಿತು. ನೀವು 300 ಮೀಟರ್ ದೂರದಲ್ಲಿದ್ದು, ಗುಂಡು ಸೆಕೆಂಡಿಗೆ 800 ಮೀಟರ್ ಹೋಗುತ್ತದೆ ಅಂದುಕೊಂಡರೂ, ತಲುಪುವಷ್ಟರಲ್ಲಿ ಅವನು ನಲವತ್ತು ಮೀಟರ್ ಮುಂದೆ ಹೋಗಿರುತ್ತಾನೆ. ಸ್ಪಿಟ್‌ಫೈರ್ ಉದ್ದ ಒಂಬತ್ತು ಮೀಟರ್ ಚಿಲ್ಲರೆ. ನಾಲ್ಕು ವಿಮಾನದಷ್ಟು ಮುಂದೆ ಗುರಿ ಇಡಬೇಕು. ಹೊಸಬರು ಅರ್ಧ ವಿಮಾನದಷ್ಟು ಇಟ್ಟು ಗುಂಡು ಖಾಲಿ ಮಾಡುತ್ತಾರೆ. ಆರ್ಕೇಡ್ ಮೋಡಿನಲ್ಲಿ ಎಲ್ಲಿ ಹೊಡೆಯಬೇಕು ಅಂತ ಆಟವೇ ಗುರುತು ತೋರಿಸುತ್ತದೆ. ರಿಯಲಿಸ್ಟಿಕ್‌ನಲ್ಲಿ ಅದು ಇಲ್ಲ. ಹಬ್ಬಕ್ಕೆ ಆರ್ಕೇಡ್ ಇಡಿ.

ಬೆಂಗಳೂರಿನಿಂದ, ಮೊದಲನೆಯವರು

ಹಾಗಾದರೆ ‘ಆರ್ಕೇಡ್’ಗೆ ಪದ?

ಹಾಸನದಿಂದ

ಆಟದ ಮೆನುವಿನಲ್ಲಿ ಆರ್ಕೇಡ್ ಅಂತಲೇ ಇದೆ ಸರ್. ಪದ ಬದಲಿಸಿದರೆ ಹುಡುಗರು ಯಾವುದನ್ನು ಒತ್ತಬೇಕು ಅಂತ ಹುಡುಕುತ್ತಾ ಕೂರುತ್ತಾರೆ. ಹಾಗೇ ಇರುತ್ತದೆ. ಥ್ರಾಟಲ್‌ಗೆ ಯಾರನ್ನೂ ಕೇಳಲಿಲ್ಲ. ಬೈಕ್ ಓಡಿಸುವವರೆಲ್ಲ ‘ರೈಸ್’ ಅಂತಾರೆ, ಅದನ್ನೇ ಹಾಕಿದ್ದೇನೆ. ಬೈಯುವವರು ಸೋಮವಾರದ ಮೇಲೆ ಬೈಯಿರಿ. ಈಗ ಫ್ಲೆಕ್ಸ್ ಅಂಗಡಿಗೆ ಕಳಿಸುತ್ತಿರುವುದು ಇದು:

‘ಆರ್ಕೇಡ್ ಒತ್ತು. ಪೂರ್ತಿ ರೈಸ್ ಕೊಡು. ಮೊದಲು ಎತ್ತರ ಗಳಿಸು, ಎತ್ತರವೇ ಶಕ್ತಿ. ತಿರುಗಬೇಕಾದರೆ ವಾಲಿಸು, ಆಮೇಲೆ ಕಡ್ಡಿ ಎಳೆ. ರಡ್ಡರ್ ಮೂತಿ ನೇರ ಮಾಡಲಿಕ್ಕೆ ಮಾತ್ರ.

ವಿಮಾನ ನಡುಗಿದರೆ ರೆಕ್ಕೆ ಸೋಲುತ್ತಿದೆ. ಎಳೆಯಬೇಡ, ಮೂತಿ ಇಳಿಸು.

ಗಿರಕಿ ಹೊಡೆದರೆ ರೈಸ್ ಇಳಿಸು. ಕಡ್ಡಿ ನಡುವಿಗೆ ತಾ. ಗಿರಕಿಯ ಎದುರು ಬದಿಗೆ ರಡ್ಡರ್ ಕೊಡು. ಕಡ್ಡಿ ಮುಂದಕ್ಕೆ ತಳ್ಳು. ನಿಂತ ಮೇಲೆ ರಡ್ಡರ್ ಬಿಡು, ಮೆಲ್ಲಗೆ ಎಳೆ.

ದೂರದಿಂದ ಹೊಡೆಯಬೇಡ. ಮುಂಗುರಿ ಇಡು. ಎರಗಿ ಏರು. ಬೆನ್ನು ನೋಡಿಕೋ.’

ಕೊನೆಯದು ‘ಚೆಕ್ ಸಿಕ್ಸ್’. ಆರು ಗಂಟೆಯ ದಿಕ್ಕು ಅಂತ ವಿವರಿಸುವ ಬದಲು ಹಾಗೆ ಬರೆದೆ.

ಧಾರವಾಡದಿಂದ

ಛಲೋ ಅದ. ಪ್ಲಾಸ್ಟಿಕ್ ಫ್ಲೆಕ್ಸ್ ಮಾತ್ರ ಮಾಡಿಸಬ್ಯಾಡ್ರಿ. 2016ರಿಂದ ರಾಜ್ಯದಲ್ಲಿ ನಿಷೇಧ ಐತಿ. ಬಟ್ಟೆ ಬ್ಯಾನರ್ ಬರೆಸಿ.

ಮೈಸೂರಿನಿಂದ

‘ಎತ್ತರವೇ ಶಕ್ತಿ’ ಶಾಸ್ತ್ರೀಯವಾಗಿ ಸರಿಯಲ್ಲ. ವೇಗವೂ ಸೇರಬೇಕು. ‘ರೈಸ್’ ಬಗ್ಗೆ ಸೋಮವಾರ ಬರೆಯುತ್ತೇನೆ.

ಬೆಂಗಳೂರಿನಿಂದ, ಮೊದಲನೆಯವರು

‘ಬ್ಯಾನರ್’ ಯಾಕೆ? ಬಟ್ಟೆಹಲಗೆ ಅನ್ನಿ.