‘ಸೀಕ್ರೆಟ್ ಐಡೆಂಟಿಟಿ’ಗೆ ಏನೆನ್ನೋಣ? ವೇಷವೋ, ರೂಪವೋ, ಬರೀ ಗುಟ್ಟೋ?

ಬಳಗದವರಿಗೆ ನಮಸ್ಕಾರ.

ಮಕ್ಕಳ ಸೂಪರ್‌ಹೀರೋ ಧಾರಾವಾಹಿಯೊಂದರ ಕನ್ನಡ ಡಬ್ಬಿಂಗಿಗೆ ಮಾತು ಬರೆಯುತ್ತಿದ್ದೇನೆ. ಹೆಸರು ಹೇಳುವ ಹಾಗಿಲ್ಲ, ಕರಾರಿದೆ. ಹನ್ನೊಂದು ಕಂತು ಸಲೀಸಾಗಿ ಹೋಯಿತು. ಹನ್ನೆರಡನೆಯದರಲ್ಲಿ ನಾಯಕನ ಗೆಳತಿ ಅವನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋಗಿ ‘ಐ ನೋ ಯುವರ್ ಸೀಕ್ರೆಟ್ ಐಡೆಂಟಿಟಿ’ ಅನ್ನುತ್ತಾಳೆ. ಕ್ಯಾಮೆರಾ ಅವಳ ಮುಖದ ಮೇಲೇ ನಿಂತಿದೆ. ಎರಡು ದಿನದಿಂದ ನಾನೂ ಆ ಮೆಟ್ಟಿಲ ಕೆಳಗೇ ಕೂತಿದ್ದೇನೆ.

ಮೊದಲು ತುಟಿಯ ಲೆಕ್ಕ ಹೇಳಿಬಿಡುತ್ತೇನೆ. ಡಬ್ಬಿಂಗ್ ಬರೆಯುವವರಿಗೆ ಪ, ಬ, ಮ ಮೂರೂ ಶನಿಗಳು. ಈ ಅಕ್ಷರ ಬಂದಲ್ಲಿ ತುಟಿ ಮುಚ್ಚಲೇಬೇಕು, ಪರದೆಯ ಮೇಲಿನ ಬಾಯಿ ತೆರೆದೇ ಇದ್ದರೆ ನೋಡುವವರಿಗೆ ಕಿರಿಕಿರಿ. ಮೇಲಿನ ಇಂಗ್ಲಿಷ್ ಸಾಲನ್ನು ಕನ್ನಡಿ ಎದುರು ಹೇಳಿ ನೋಡಿ, ತುಟಿ ಒಂದು ಸಲವೂ ಕೂಡುವುದಿಲ್ಲ. ಹಾಗಾಗಿ ಎಲ್ಲರ ನಾಲಗೆಗೆ ಥಟ್ಟನೆ ಬರುವ ‘ಮಾರುವೇಷ’ ಮೊದಲ ಅಕ್ಷರಕ್ಕೇ ಮುಗ್ಗರಿಸಿತು. ‘ಛದ್ಮವೇಷ’ದ ಒತ್ತಕ್ಷರದಲ್ಲಿ ಮ ಅಡಗಿ ಕೂತಿದೆ. ‘ನಿಜರೂಪ’ ಕೊನೆಗೆ ಕೈಕೊಡುತ್ತದೆ.

ತುಟಿಯ ಮಾತು ಬಿಟ್ಟು ಅರ್ಥಕ್ಕೆ ಬಂದರೂ ಸುಖವಿಲ್ಲ. ‘ಐಡೆಂಟಿಟಿ’ ನಮ್ಮಲ್ಲಿ ಓಣಿಗೊಂದು ಹೆಸರಿಟ್ಟುಕೊಂಡಿದೆ. ವಿಮರ್ಶಕರಲ್ಲಿ ಅಸ್ಮಿತೆ, ಅನನ್ಯತೆ, ವೇದಾಂತಿಗಳಲ್ಲಿ ತಾದಾತ್ಮ್ಯ, ಶಾಲೆಯ ಬೀಜಗಣಿತದಲ್ಲಿ ನಿತ್ಯಸಮೀಕರಣ, ಮತಗಟ್ಟೆಯಲ್ಲಿ ಗುರುತಿನ ಚೀಟಿ. ‘ನಿನ್ನ ಗುಪ್ತ ಅಸ್ಮಿತೆ ನನಗೆ ಗೊತ್ತು’ ಎಂದು ಬರೆದು ಗಟ್ಟಿಯಾಗಿ ಓದಿದೆ. ಆ ಹುಡುಗಿ ವಿಚಾರಸಂಕಿರಣದಿಂದ ನೇರ ಎದ್ದು ಬಂದ ಹಾಗಿತ್ತು.

ಛದ್ಮವೇಷದ ಕಥೆ ಬೇರೆ. ಸಂಸ್ಕೃತದಲ್ಲಿ ಎಷ್ಟೇ ಘನವಾದ ಮಾತಾಗಿದ್ದರೂ ನಮ್ಮಲ್ಲಿ ಅದು ಶಾಲಾ ವಾರ್ಷಿಕೋತ್ಸವಕ್ಕೆ ಸೇರಿಹೋಗಿದೆ. ಛದ್ಮವೇಷ ಸ್ಪರ್ಧೆ ಅಂದರೆ ಹತ್ತಿಯ ಮೀಸೆ ಅಂಟಿಸಿಕೊಂಡ ಎಲ್‌ಕೆಜಿ ಗಾಂಧಿ, ನಿದ್ದೆಗಣ್ಣಿನ ಒನಕೆ ಓಬವ್ವ, ಜರಿಪಂಚೆಯ ಕೃಷ್ಣ. ಸೂಪರ್‌ಹೀರೋಗೆ ಈ ಪದ ಹಾಕಿದರೆ ಅವನ ಕೈಗೂ ಒಂದು ಸ್ಟೀಲ್ ಬಟ್ಟಲ ಬಹುಮಾನ ಕೊಟ್ಟು ಕಳಿಸಬೇಕಾಗುತ್ತದೆ.

‘ಅಜ್ಞಾತವಾಸ’ ಸೂಚಿಸಿದ್ದು ಸ್ಟುಡಿಯೋದ ಗೆಳೆಯರು. ತುಟಿಗೆ ಹೆಚ್ಚು ಕಡಿಮೆ ಕೂರುತ್ತದೆ, ಕಿವಿಗೂ ಹಿತ. ಆದರೆ ಅಜ್ಞಾತವಾಸಕ್ಕೆ ಅವಧಿ ಇದೆ. ಒಂದು ವರ್ಷ, ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡು. ಲೆಕ್ಕ ಮುಗಿದ ದಿನ ಎದ್ದು ನಿಂತು ಹೆಸರು ಹೇಳಬಹುದು. ಸೂಪರ್‌ಮ್ಯಾನ್‌ನ ಇನ್ನೊಂದು ಮುಖವಾದ ಕ್ಲಾರ್ಕ್ ಕೆಂಟ್ 1938ರಿಂದ ಪತ್ರಿಕಾ ಕಚೇರಿಗೆ ಹೋಗಿ ಬಂದು ಮಾಡುತ್ತಿದ್ದಾನೆ, ಅವನ ವರ್ಷ ಮುಗಿಯುವುದೇ ಇಲ್ಲ. ಸಾಲದ್ದಕ್ಕೆ ಬಳಕೆಯಲ್ಲಿ ಈ ಪದ ಸವೆದಿದೆ. ಎರಡು ತಿಂಗಳು ಫೋನ್ ಎತ್ತದ ಗೆಳೆಯನಿಗೂ ‘ಏನಯ್ಯಾ, ಅಜ್ಞಾತವಾಸವಾ?’ ಅನ್ನುತ್ತೇವೆ.

ಇನ್ನು ಮಾರುವೇಷ. ತುಟಿಯ ತೊಡಕಿಗಿಂತ ದೊಡ್ಡ ತೊಡಕು ಇದರಲ್ಲಿದೆ. ವೇಷ ಹಾಕಿದ್ದು ಯಾವ ಕಡೆ ಎಂದು ಕನ್ನಡದಲ್ಲಿ ಹೇಳಲೇಬೇಕು. ರಾಜ ಮಾರುವೇಷದಲ್ಲಿ ಊರು ಸುತ್ತಿದ ಅಂದಾಗ ರಾಜ ನಿಜ, ಕಂಬಳಿ ವೇಷ. ‘ಸೀಕ್ರೆಟ್ ಐಡೆಂಟಿಟಿ’ಗೆ ಈ ಹಂಗಿಲ್ಲ, ಎರಡು ಕಡೆಗೂ ಸಲ್ಲುತ್ತದೆ. ಸೂಪರ್‌ಮ್ಯಾನ್‌ನಲ್ಲಿ ಕನ್ನಡಕದವನು ವೇಷ, ಹಾರುವವನು ನಿಜ. ‘ಶಕ್ತಿಮಾನ್’ನಲ್ಲೂ ಹಾಗೆ, ಗಂಗಾಧರ ವೇಷ. ‘ಆ್ಯರೋ’ ಧಾರಾವಾಹಿಯಲ್ಲಿ ತಿರುಗುಮುರುಗು: ಆಲಿವರ್ ಕ್ವೀನ್ ಹುಟ್ಟಿನ ಮುಖ, ಹಸಿರು ಮುಸುಕು ಆಮೇಲೆ ಬಂದದ್ದು. ಸ್ಪೈಡರ್‌ಮ್ಯಾನನಲ್ಲೂ ಹಾಕಿಕೊಂಡದ್ದು ಮುಖವಾಡವೇ. ಒಂದೇ ‘ಮಾರುವೇಷ’ವನ್ನು ಎಲ್ಲ ಕಡೆ ಅಂಟಿಸಿದರೆ ಅರ್ಧ ಧಾರಾವಾಹಿಗಳಲ್ಲಿ ಅಂಗಿ ತಿರುವುಮುರುವಾದ ಹಾಗೆ.

ಇಲ್ಲಿಂದ ಮುಂದಿನದು ನನ್ನ ನಿಜವಾದ ಪ್ರಶ್ನೆ. ಇದೇ ಕಂತಿನಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ನಾಯಕನ ಮುಖ ಯಾಕೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು ಅವರು ಎರಡು ನಿಮಿಷ ಕೊರೆಯುತ್ತಾರೆ. ಕಾಲರಿನಲ್ಲಿ ಏನೋ ಯಂತ್ರ, ಅದರಿಂದ ಏನೋ ಅಲೆ. ‘ವಿವರಣೆ ನಂಬುವಂತಿರಬೇಕು’ ಎಂದು ಅವರಿಂದ ಹೇಳಿಸುವ ಸಾಲೂ ಇದೆ. ಬರೆಯುತ್ತಾ ಅನಿಸಿದ್ದು, ಇದಕ್ಕೆ ವಿವರಣೆ ಬೇಕೆ ಬೇಡವೆ ಅನ್ನುವುದು ನಾವು ಯಾವ ಪದ ಆರಿಸುತ್ತೇವೆ ಅನ್ನುವುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ. ‘ವೇಷ’ ಅಂದರೆ ವಿವರಣೆ ಬೇಡ. ‘ರೂಪ’ ಅಂದರೆ ಬೇಕು.

ನಾನು ಬೆಳೆದದ್ದು ಸಾಗರದ ಕಡೆ, ಅಲ್ಲಿ ವೇಷ ಅಂದರೆ ಮೋಸ ಅಲ್ಲ. ಯಕ್ಷಗಾನದ ಆಟದ ದಿನ ‘ವಲಲನ ವೇಷ ಯಾರದು?’ ಎಂದು ಕೇಳಿದರೆ ಕಲಾವಿದರ ಹೆಸರು ಹೇಳುತ್ತಾರೆ, ಭೀಮನ ಹೆಸರನ್ನಲ್ಲ. ಚಿಕ್ಕವನಿದ್ದಾಗ ಚೌಕಿಯ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಯ, ತಟ್ಟಿ ಸರಿಸಿ ಇಣುಕಿದ್ದೆ. ಕೀಚಕ ಒಂದು ಕೈಯಲ್ಲಿ ಮೀಸೆ ಎತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚಾ ಕುಡಿಯುತ್ತಿದ್ದ. ಪಕ್ಕದಲ್ಲಿ ವಲಲ ಅವನಿಗೆ ಬೆಂಕಿಪೆಟ್ಟಿಗೆ ಕೊಡುತ್ತಿದ್ದ. ಅರ್ಧ ಗಂಟೆ ಬಿಟ್ಟು ರಂಗಸ್ಥಳದಲ್ಲಿ ಒಬ್ಬ ಇನ್ನೊಬ್ಬನನ್ನು ಮುದ್ದೆ ಮಾಡಿದಾಗ ನನ್ನ ಎದೆ ಢವಢವ ಅಂದದ್ದೂ ಸುಳ್ಳಲ್ಲ. ವಿರಾಟನ ಆಸ್ಥಾನದಲ್ಲಿ ಇಷ್ಟು ಗಾತ್ರದ ಅಡುಗೆಯವನನ್ನು ನೋಡಿ ಯಾರಿಗೂ ಸಂಶಯ ಬರಲಿಲ್ಲವೇ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ವೇಷ ನೋಡುವವರ ಕಡೆಯ ಒಪ್ಪಂದ. ರಂಗಸ್ಥಳದ ಮೇಲಿನವರಿಗೆ ಗುರುತು ಸಿಕ್ಕಿತೋ ಇಲ್ಲವೋ ಆಮೇಲಿನ ಮಾತು.

ಕಾವ್ಯದ ಮಾತು ಬೇರೆ. ಅಲ್ಲಿ ಚೌಕಿ ಇಲ್ಲ, ಕೇಳುವವನು ತಕರಾರು ತೆಗೆಯಬಹುದು. ಅದಕ್ಕೇ ವ್ಯಾಸರು ಒಂದಲ್ಲ ಮೂರು ಬೀಗ ಜಡಿದಿದ್ದಾರೆ. ಯಕ್ಷಪ್ರಶ್ನೆಯ ಕೊನೆಗೆ ಯಮಧರ್ಮ ಕೊಟ್ಟ ವರ ಮೊದಲನೆಯದು: ನಿಮ್ಮ ನಿಮ್ಮ ರೂಪದಲ್ಲೇ ತಿರುಗಾಡಿದರೂ ನಿಮ್ಮನ್ನು ಯಾರೂ ಗುರುತಿಸರು ಎಂದು. ಎರಡನೆಯದು ಅರ್ಜುನನ ಪಾಲಿಗೆ ಮಾತ್ರ, ಊರ್ವಶಿಯ ಶಾಪ. ಮೂರನೆಯದು ಬನ್ನಿಮರ, ಆಯುಧ ಕಟ್ಟಿಟ್ಟು ಹತ್ತಿರ ಯಾರೂ ಸುಳಿಯದಿರಲೆಂದು ಹೆಣ ನೇತುಹಾಕಿದರು. ಇಷ್ಟಾದರೂ ಗುಟ್ಟು ಸೋರಿತು, ಅದೂ ಮುಖದಿಂದಲ್ಲ. ಕೀಚಕನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಎಷ್ಟು ಮಂದಿ ಎಂದು ಹಸ್ತಿನಾವತಿಯಲ್ಲಿ ಬೆರಳು ಮಡಿಚಿದರು ಅನ್ನುವುದು ನಾವೆಲ್ಲ ಕೇಳಿಕೊಂಡು ಬಂದ ಕಥೆ. ನಳನಿಗೂ ಹಾಗೇ. ಕಾರ್ಕೋಟಕನೆಂಬ ಹಾವು ಕಚ್ಚಿ ರೂಪವನ್ನೇ ಬದಲಿಸಿದ್ದ, ನೋಡಿದರೆ ದಮಯಂತಿಗೂ ತಿಳಿಯುವಂತಿರಲಿಲ್ಲ. ಅವಳು ಬಾಹುಕನೆಂಬ ಹೆಸರಿನಲ್ಲಿದ್ದ ಅವನು ಮಾಡಿದ ಅಡುಗೆ ತರಿಸಿ ರುಚಿ ನೋಡಿದಳು. ರೂಪ ಹೋದರೂ ಕೈರುಚಿ ಹೋಗಿರಲಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ‘ನಂಬುವಂಥ’ ಕಥೆ ಯಾವ ಟಿವಿಯಲ್ಲೂ ಸಿಕ್ಕಿಲ್ಲ. ಗುಟ್ಟು ಹೇಗೆ ಉಳಿಯಿತು ಅನ್ನುವುದಕ್ಕೆ ಒಂದು ಹಾವು ಸಾಕು. ಹೇಗೆ ಒಡೆಯಿತು ಅನ್ನುವುದಕ್ಕೆ ಮಾತ್ರ ಉಪ್ಪು-ಹುಳಿಯಷ್ಟು ನಿಜವಾದ ಕಾರಣ ಬೇಕು.

ಅಮೆರಿಕದವರು ಮಾಡಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಕಾಮಿಕ್ಸ್‌ನಲ್ಲಿ ಮುಖ ಅಂದರೆ ನಾಲ್ಕು ಗೆರೆ, ಐದನೆಯ ಗೆರೆ ಕನ್ನಡಕವಾದರೆ ಮನುಷ್ಯನೇ ಬೇರೆ. ಅಲ್ಲಿ ವೇಷ ನಡೆಯಿತು. 1952ರಲ್ಲಿ ಸೂಪರ್‌ಮ್ಯಾನ್ ಟಿವಿ ಸರಣಿ ಶುರುವಾಗಿ ಜಾರ್ಜ್ ರೀವ್ಸ್ ಅವರ ರಕ್ತಮಾಂಸದ ಮುಖ ಮನೆಯೊಳಗೆ ಬಂದಾಗ ನಾಲ್ಕು ಗೆರೆಯ ಸಲುಗೆ ಇರಲಿಲ್ಲ. ತಮಾಷೆಯೆಂದರೆ 1970ರ ದಶಕದಲ್ಲಿ ಕಾಮಿಕ್ಸ್‌ನವರೇ ಕ್ಲಾರ್ಕ್‌ನನ್ನು ಟಿವಿ ವಾರ್ತಾವಾಚಕ ಮಾಡಿದರು. ಗುರುತು ಮರೆಸಿಕೊಳ್ಳಬೇಕಾದವನು ಸಂಜೆ ಸಂಜೆ ಊರಿಗೆಲ್ಲ ಮುಖ ತೋರಿಸುವ ಕೆಲಸ! 1978ರ ಕೊನೆಗೆ, ‘ಸೂಪರ್‌ಮ್ಯಾನ್’ ಕಾಮಿಕ್ಸ್‌ನ 330ನೆಯ ಸಂಚಿಕೆಯಲ್ಲಿ, ಒಂದು ವಿವರಣೆ ಬಂತು: ಕನ್ನಡಕದ ಗಾಜು ಅವನು ಹುಟ್ಟಿದ ಲೋಕದಿಂದ ಬಂದ ನೌಕೆಯದು, ಅವನಿಗೇ ತಿಳಿಯದಂತೆ ಅವನ ಕಣ್ಣಿನ ಸಮ್ಮೋಹನ ಶಕ್ತಿ ಅದರಿಂದ ಹೆಚ್ಚಿ, ನೋಡಿದವರಿಗೆಲ್ಲ ಅವನು ಬಡಕಲಾಗಿ ಕಾಣುತ್ತಾನೆ ಎಂದು. ಯಮಧರ್ಮನ ವರವೇ, ಗಾಜಿನ ಕಡೆಯಿಂದ ಬಂದಿದೆ ಅಷ್ಟೆ. ಆದರೆ ವ್ಯಾಸರು ವರವನ್ನು ಮೊದಲೇ ಕೊಟ್ಟು ಕಥೆ ಹೂಡಿದರು, ಇವರು ನಲವತ್ತು ವರ್ಷ ಕಥೆ ನಡೆಸಿ ಆಮೇಲೆ ವರ ಹುಡುಕಿದರು. ಆ ವಿವರಣೆ ಊರಿ ನಿಲ್ಲಲಿಲ್ಲ.

ಇದಕ್ಕೆ ಕನ್ನಡದಲ್ಲಿ ‘ವಿವರಣೆ’ ಅನ್ನಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಒಳ್ಳೊಳ್ಳೆಯ ಪದಗಳಿವೆ: ಸಮಜಾಯಿಷಿ, ಸಬೂಬು, ತೇಪೆ. ಸಮಜಾಯಿಷಿ ಕಚೇರಿಯ ಪದ, ತಡವಾಗಿ ಬಂದವನಿಗೆ ನೋಟಿಸ್ ಕೊಟ್ಟು ಕೇಳುವಂಥದ್ದು. ಸಬೂಬಿನಲ್ಲಿ ಕೇಳುವವನಿಗೂ ಹೇಳುವವನಿಗೂ ಸುಳ್ಳೆಂದು ಗೊತ್ತು. ತೇಪೆಗೆ ಹರಿದ ಜಾಗ ಮೊದಲೇ ಇರಬೇಕು. ಸಮ್ಮೋಹನದ ಗಾಜು ತೇಪೆ. ‘ದಿ ಫ್ಲ್ಯಾಶ್’ ಧಾರಾವಾಹಿಯಲ್ಲಿ ನಾಯಕ ಮುಖವನ್ನೂ ದನಿಯನ್ನೂ ಅದುರಿಸಿ ಗುರುತು ಸಿಗದಂತೆ ಮಾಡುತ್ತಾನಲ್ಲ, ಅದು ತೇಪೆಯಲ್ಲ, ಓಟದ ಶಕ್ತಿಯಿಂದಲೇ ಹುಟ್ಟಿದ್ದು. ನಾನು ಅದನ್ನು ‘ಕಣ್ಕಟ್ಟು’ ಅನ್ನುತ್ತೇನೆ. 1995ರಲ್ಲಿ ಸೂಪರ್‌ಮ್ಯಾನ್‌ನದೇ ಇನ್ನೊಂದು ಟಿವಿ ಸರಣಿ ‘ಲೋಯಿಸ್ ಅಂಡ್ ಕ್ಲಾರ್ಕ್’ನವರು ಇನ್ನೂ ಜಾಣತನ ಮಾಡಿದರು. ಭವಿಷ್ಯದಿಂದ ಬಂದ ಖಳನೊಬ್ಬ ಕ್ಲಾರ್ಕ್‌ನ ಸಹೋದ್ಯೋಗಿ ಲೋಯಿಸ್ ಎದುರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಅವಳನ್ನು ಗೇಲಿ ಮಾಡುತ್ತಾನೆ. ತೇಪೆ ಹಚ್ಚುವ ಬದಲು ಹರಿದದ್ದನ್ನು ಎತ್ತಿ ತೋರಿಸಿ ನಕ್ಕರು.

ನಮ್ಮ ಮನೆಯಲ್ಲೂ ಇಂಥದೊಂದು ಆಯಿತು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಶಕ್ತಿಮಾನ್. ಗಂಗಾಧರನಿಗೆ ಉಬ್ಬುಹಲ್ಲು, ದಪ್ಪ ಕನ್ನಡಕ, ಎಣ್ಣೆ ಜಡಿದು ಬಾಚಿದ ಕೂದಲು. ಗೀತಾ ವಿಶ್ವಾಸ್ ಪತ್ರಕರ್ತೆಯಾಗಿ ಅವನ ಜೊತೆಗೇ ಕೆಲಸ ಮಾಡಿದರೂ ಗುರುತು ಹಿಡಿಯುವುದಿಲ್ಲ ಎಂದು ನಾವು ಹುಡುಗರು ತಲೆ ಚಚ್ಚಿಕೊಳ್ಳುತ್ತಿದ್ದೆವು. ಅಡಿಕೆ ಸುಲಿಯುತ್ತಾ ಕೂತಿದ್ದ ಅಜ್ಜಿ ಒಂದು ದಿನ ಕತ್ತೆತ್ತಿ ನೋಡಿ, ‘ಇವ ಆ ಭೀಷ್ಮ ಅಲ್ವನಾ?’ ಅಂದಳು. ನಾವು ಶಕ್ತಿಮಾನ್ ಎಂದರೆ ಕೇಳಲಿಲ್ಲ. ‘ಗಡ್ಡ ತೆಗ್ದಿದ್ದಾನೆ, ಹಲ್ಲು ಇಟ್ಕಂಡಿದ್ದಾನೆ. ಭೀಷ್ಮನೇ.’ ಹಿಂದಿ ಒಂದಕ್ಷರ ಬಾರದವಳು ಒಂದೇ ನೋಟಕ್ಕೆ, ಟಿವಿಯ ‘ಮಹಾಭಾರತ’ದಲ್ಲಿ ಭೀಷ್ಮನಾಗಿದ್ದ ನಟ ಮುಖೇಶ್ ಖನ್ನಾ ಅವರ ಮೂರು ಮುಖವನ್ನೂ ಒಟ್ಟಿಗೆ ಹಿಡಿದಿದ್ದಳು. ‘ಹಾಗಾದ್ರೆ ಆ ಗೀತಾಗೆ ಯಾಕೆ ಗೊತ್ತಾಗ್ತಿಲ್ಲ ಅಜ್ಜಿ?’ ಎಂದು ಕೇಳಿದೆ. ‘ಅದು ಆಟದೊಳಗೆ ಇದ್ಯಲ್ಲ, ಅದಕ್ಕೆ ಹ್ಯಾಂಗೆ ಗೊತ್ತಾಗ್ಬೇಕು?’ ಅಂದು ಅಡಿಕೆಗೆ ಮರಳಿದಳು.

ಹೀಗಾಗಿ ಆ ಮೇಷ್ಟ್ರ ಎರಡು ನಿಮಿಷದ ಬಗ್ಗೆ ನನಗೆ ಭಕ್ತಿ ಇಲ್ಲ. ಆದರೂ ಬರೆದುಕೊಡಬೇಕು. ‘ವಿಶ್ವಾಸಾರ್ಹ ವಿವರಣೆ’ ಬೇಡ, ವಿಶ್ವಾಸಾರ್ಹ ಎಂದರೆ ಸುದ್ದಿಮೂಲದ ನೆನಪು ಬರುತ್ತದೆ. ‘ಒಪ್ಪುವಂಥ ಕಾರಣ’ ಎಂದು ಸದ್ಯಕ್ಕೆ ಹಾಕಿದ್ದೇನೆ. ಒಪ್ಪುವುದು ನಂಬುವುದಕ್ಕಿಂತ ಸಡಿಲ, ಅಷ್ಟು ಸಡಿಲ ಇಲ್ಲಿ ಬೇಕೂ ಬೇಕು.

ಇನ್ನೊಂದು ತಲೆನೋವು. ಗುಟ್ಟು ಹೊರಬಿದ್ದದ್ದಕ್ಕೆ ನಮ್ಮಲ್ಲಿರುವ ನುಡಿಗಟ್ಟು ಬಹುಪಾಲು ಕಳ್ಳರಿಗೆ ಸೇರಿದ್ದು. ಬಣ್ಣ ಬಯಲಾಯಿತು, ಮುಖವಾಡ ಕಳಚಿತು, ಸೋಗು ಹೊರಬಿತ್ತು. ಒಳ್ಳೆಯವನು ತನ್ನ ದೊಡ್ಡಸ್ತಿಕೆ ಮರೆಸಿಕೊಂಡಿದ್ದ ಎನ್ನಲು ‘ಎಲೆಮರೆಯ ಕಾಯಿ’ ಇದೆ, ಅದರಲ್ಲಿ ಮಿಂಚಿಲ್ಲ, ಸನ್ಮಾನಪತ್ರದ ವಾಸನೆ. ‘ಬೂದಿ ಮುಚ್ಚಿದ ಕೆಂಡ’ ಸರಿಯಾಗಿ ಹೊಂದುತ್ತಿತ್ತು, ಪತ್ರಿಕೆಗಳು ಅದನ್ನು ಗಲಭೆಯ ಊರುಗಳಿಗೆ ಬರೆದುಕೊಟ್ಟಿವೆ. ‘ಗುಟ್ಟು ರಟ್ಟಾಯಿತು’ ಒಂದೇ ಒಳ್ಳೆಯವರಿಗೂ ಕೆಟ್ಟವರಿಗೂ ಸಲ್ಲುವಂತಿದೆ.

ಮೆಟ್ಟಿಲ ಕೆಳಗಿನ ಸಾಲು ಮಾತ್ರ ನಿನ್ನೆ ರಾತ್ರಿ ತಾನಾಗಿ ಬಗೆಹರಿಯಿತು. ನಾಮಪದ ಹುಡುಕುವುದನ್ನು ಬಿಟ್ಟು, ನಮ್ಮ ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಿದೆ. ‘ನೀ ಯಾರು ಅಂತ ನಂಗೊತ್ತು.’ ತುಟಿ ಎಲ್ಲೂ ಕೂಡುವುದಿಲ್ಲ. ವೇಷ ಯಾವ ಕಡೆ ಅನ್ನುವ ರಗಳೆಯೂ ಇಲ್ಲ.

ಆದರೆ ಕಂತಿನ ಹೆಸರೇ ‘ಸೀಕ್ರೆಟ್ ಐಡೆಂಟಿಟಿ’, ಅಲ್ಲಿ ನಾಮಪದ ಬೇಕೇ ಬೇಕು. ‘ಗುಟ್ಟಿನ ಗುರುತು’ ಎಂದು ಬರೆದಿಟ್ಟಿದ್ದೇನೆ. ಗುರುತು ಎಂದರೆ ಹಿಡಿಯುವಂಥದ್ದು, ಗುಟ್ಟು ಎಂದರೆ ಹಿಡಿಯದಂಥದ್ದು; ಎರಡನ್ನೂ ಜೋಡಿಸಿದರೆ ರುಚಿಯೋ ಅಭಾಸವೋ ತಿಳಿಯುತ್ತಿಲ್ಲ. ‘ಮರೆಗುರುತು’ ಎಂದೂ ಒಂದು ಕಟ್ಟಿ ನೋಡಿದೆ, ಕಿವಿಗೆ ಇನ್ನೂ ಹಸಿ. ಧಾರವಾಡ, ಕಲಬುರಗಿ ಕಡೆಯವರು ‘ಸೋಗು’ ಪದವನ್ನು ನಿಂದೆಯಿಲ್ಲದೆ ಬಳಸುವುದುಂಟೆ? ಹಗಲುವೇಷದವರ ಮಾತಿನಲ್ಲಿ ಬೇರೆ ಪದವೇನಾದರೂ ಇದೆಯೆ? ಕರಾವಳಿಯವರು ಹೇಗೆ ಹೇಳುತ್ತೀರಿ? ಗುರುವಾರ ಬೆಳಿಗ್ಗೆ ರೆಕಾರ್ಡಿಂಗ್, ಬುಧವಾರ ರಾತ್ರಿಯೊಳಗೆ ಬರೆದರೆ ಉಪಕಾರವಾಗುತ್ತದೆ.