ಮಾಹಿತಿ ಹಕ್ಕಿನ ಅರ್ಜಿ ಹಾಕಿದವರ ಹೆಸರು, ಫೋನ್ ನಂಬರು ಗುತ್ತಿಗೆದಾರರ ಕೈಸೇರದಂತೆ ಕಾಪಾಡಿಕೊಳ್ಳುವುದು ಹೇಗೆ?

ಕೆರೆಯಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸುಮಾರು ಮುನ್ನೂರು ಮನೆಗಳ ಊರು. ಊರಿನ ಹೆಸರನ್ನೂ ತಾಲ್ಲೂಕಿನ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ, ದಯವಿಟ್ಟು ಕೇಳಬೇಡಿ. ಕಳೆದ ಬೇಸಿಗೆಯಲ್ಲಿ ನಮ್ಮ ಕೆರೆಯ ಹೂಳೆತ್ತಿ, ಏರಿಯನ್ನು ಭದ್ರಪಡಿಸಲಾಗಿದೆಯೆಂದು ಬಿಲ್ ಪಾವತಿಯಾಗಿದೆ. ಆದರೆ ಹೂಳು ಇದ್ದಲ್ಲೇ ಇದೆ. ತೂಬಿನ ಬಳಿ ಕಾಲಿಟ್ಟರೆ ಇಂದಿಗೂ ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋಗುತ್ತದೆ. ಆದ್ದರಿಂದ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು ಮತ್ತು ವೋಚರುಗಳ ಪ್ರತಿಗಳನ್ನು ಕೋರಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ.

ಮೂರನೆಯ ದಿನ ಸಂಜೆ ಗುತ್ತಿಗೆದಾರರ ಕಡೆಯವರೊಬ್ಬರು ನನ್ನ ಮೊಬೈಲಿಗೆ ಕರೆ ಮಾಡಿ, ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕೆಂದೂ, ಹಗಲು ಹೊತ್ತು ನನ್ನ ತಾಯಿ ಮನೆಯಲ್ಲಿ ಒಬ್ಬರೇ ಇರುವುದು ತಮಗೆ ಗೊತ್ತಿದೆಯೆಂದೂ ಹೇಳಿದರು. ಅದೇ ರಾತ್ರಿ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನ ಅರ್ಜಿಯ ಮೊದಲ ಪುಟದ ಫೋಟೋ ಬಂದಿತು. ನನ್ನ ಹೆಸರು, ಮನೆ ನಂಬರು, ಫೋನ್ ನಂಬರು, ಸಹಿ ಎಲ್ಲವೂ ಅದರಲ್ಲಿದ್ದವು. ನನಗೆ ಕೊಟ್ಟ ಸ್ವೀಕೃತಿ ಪ್ರತಿಯಲ್ಲಿ ಕಚೇರಿಯ ಮೊಹರು ಓರೆಯಾಗಿ ಬಿದ್ದು ಅರ್ಧ ಅಳಿಸಿಹೋಗಿದೆ. ಫೋಟೋದಲ್ಲಿದ್ದ ಮೊಹರು ನೆಟ್ಟಗಿತ್ತು, ತಾರೀಖು ಸ್ಪಷ್ಟವಾಗಿತ್ತು. ಅಂದರೆ ಆ ಫೋಟೋ ತೆಗೆದದ್ದು ಕಚೇರಿಯ ಕಡತದಲ್ಲಿರುವ ಮೂಲ ಅರ್ಜಿಯದ್ದೇ.

ಕೇಳುವುದನ್ನು ನಿಲ್ಲಿಸುವ ಮನಸ್ಸು ನನಗಿಲ್ಲ. ಇನ್ನೆರಡು ಕಾಮಗಾರಿಗಳ ಬಗ್ಗೆಯೂ ಕೇಳಬೇಕಾಗಿದೆ. ಆದರೆ ಅಮ್ಮ ಆ ಕರೆಯ ನಂತರ ಸಂಜೆಯಾದರೆ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತಾರೆ. ಹೆಸರನ್ನು ಮರೆಯಲ್ಲಿಟ್ಟು ಮಾಹಿತಿ ಕೇಳಲು ಕಾನೂನಿನಲ್ಲಿ ದಾರಿ ಇದೆಯೇ? ಫೋನಿನ ವಿಷಯದಲ್ಲಿ ನಾನೇನು ಎಚ್ಚರಿಕೆ ವಹಿಸಬೇಕು?

ಹಳೆಯ ಅರ್ಜಿದಾರ

ಮೊದಲು ನಿಮ್ಮ ತಾಯಿಯವರ ವಿಷಯ. ನಿಮಗೆ ಬಂದ ಕರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಕ್ರಿಮಿನಲ್ ಬೆದರಿಕೆಯಾಗಬಲ್ಲದು. ಕರೆಯ ದಾಖಲೆಯನ್ನೂ ಗುಂಪಿನ ಆ ಸಂದೇಶವನ್ನೂ ಅಳಿಸದೆ, ಆ ಫೋನಿನಲ್ಲೇ ಇರುವಂತೆ ಉಳಿಸಿಕೊಂಡು ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಈಗ ನಿಮ್ಮ ಹೆಸರು ಹೊರಬಿದ್ದಾಗಿದೆ. ಹೊರಬಿದ್ದ ಹೆಸರಿಗೆ ದೂರಿನ ದಾಖಲೆಯೇ ರಕ್ಷಣೆ.

ಇನ್ನು ಕಾನೂನು. ಮಾಹಿತಿ ಹಕ್ಕು ಕಾಯ್ದೆ, 2005ರ 6(2)ನೇ ಕಲಮನ್ನು ಪ್ರತಿಯೊಬ್ಬ ಅರ್ಜಿದಾರರೂ ಬಾಯಿಪಾಠ ಮಾಡಿಕೊಂಡಿರಬೇಕು. ಮಾಹಿತಿ ಏಕೆ ಬೇಕೆಂದು ಅರ್ಜಿದಾರರು ಕಾರಣ ಕೊಡಬೇಕಾಗಿಲ್ಲ. ಅವರನ್ನು ಸಂಪರ್ಕಿಸಲು ಅಗತ್ಯವಾದಷ್ಟು ವಿವರವನ್ನು ಬಿಟ್ಟರೆ ಬೇರಾವ ವೈಯಕ್ತಿಕ ವಿವರವನ್ನೂ ಕೇಳುವಂತಿಲ್ಲ. ಅಂಚೆಯಲ್ಲಿ ಉತ್ತರ ತಲುಪುವುದಾದರೆ ಕಾಗದದ ಅರ್ಜಿಯಲ್ಲಿ ಫೋನ್ ನಂಬರು ಬರೆಯಬೇಕಾದ ಅಗತ್ಯವೇ ಇಲ್ಲ. ನಮ್ಮಲ್ಲಿ ಬಹಳ ಜನ ಅಭ್ಯಾಸಬಲದಿಂದ ಬರೆದುಬಿಡುತ್ತಾರೆ. ನಾನೂ ಮೊದಲ ಕೆಲವು ವರ್ಷ ಬರೆಯುತ್ತಿದ್ದೆ.

ವಿಳಾಸದ ವಿಷಯದಲ್ಲಿ 2013ರ ನವೆಂಬರ್ 20ರಂದು ಕಲ್ಕತ್ತಾ ಹೈಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಕೊಟ್ಟ ಆದೇಶ ನಿಮಗೆ ಉಪಯೋಗವಾಗುತ್ತದೆ. ಅಂಚೆ ಪೆಟ್ಟಿಗೆಯ (ಪೋಸ್ಟ್ ಬಾಕ್ಸ್, ಅಂದರೆ ಅಂಚೆ ಕಚೇರಿಯಲ್ಲಿ ನಮಗಾಗಿ ಪಡೆಯುವ ಪೆಟ್ಟಿಗೆಯ) ಸಂಖ್ಯೆಯನ್ನು ಕೊಟ್ಟಾಗ ಪೂರ್ಣ ವಿಳಾಸಕ್ಕಾಗಿ ಒತ್ತಾಯಿಸಬಾರದೆಂದೂ, ಅನಿವಾರ್ಯವಾಗಿ ವಿವರ ಪಡೆದುಕೊಂಡರೆ ಅದನ್ನು, ವಿಶೇಷವಾಗಿ ಜಾಲತಾಣದಲ್ಲಿ, ಮರೆಯಾಗಿಡಬೇಕೆಂದೂ ನ್ಯಾಯಾಲಯ ಹೇಳಿತು. ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು ಆ ಆದೇಶವನ್ನು 2014ರ ಜನವರಿಯಲ್ಲಿ ಸುತ್ತೋಲೆಯಾಗಿ ಕಳುಹಿಸಿತು. 2016ರ ಅಕ್ಟೋಬರಿನಲ್ಲಿ, ಜಾಲತಾಣಕ್ಕೆ ಉತ್ತರಗಳನ್ನು ಏರಿಸುವಾಗ ಅರ್ಜಿದಾರರ ವೈಯಕ್ತಿಕ ವಿವರಗಳನ್ನು ಪ್ರಕಟಿಸಬಾರದೆಂದು ಮತ್ತೆ ತಿಳಿಸಿತು. ಇವು ಕೇಂದ್ರದ ಸುತ್ತೋಲೆಗಳು, ರಾಜ್ಯದ ಕಚೇರಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅರ್ಜಿಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಉಲ್ಲೇಖಿಸಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ಆ ಸಾಲು ಚಿಕ್ಕದಾಗಿರಲಿ.

ಕಚೇರಿಯಿಂದ ನಿಮ್ಮ ಅರ್ಜಿಯೇ ಸೋರಿಕೆಯಾಗಿರುವ ಬಗ್ಗೆ 18ನೇ ಕಲಮಿನಡಿ ರಾಜ್ಯ ಮಾಹಿತಿ ಆಯೋಗಕ್ಕೆ ದೂರು ಸಲ್ಲಿಸಿ. ನೀವು ಗಮನಿಸಿರುವ ಮೊಹರಿನ ವ್ಯತ್ಯಾಸ ಅಮೂಲ್ಯವಾದ ಸಾಕ್ಷ್ಯ. ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಲಗತ್ತಿಸಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ನಿಮ್ಮಂಥ ಊರಿನಲ್ಲಿ ಅರ್ಜಿಯ ಕೆಳಗಿನ ಹೆಸರಿಗಿಂತ ಅರ್ಜಿಯೊಳಗಿನ ಪ್ರಶ್ನೆಯೇ ಮನುಷ್ಯನನ್ನು ಹೆಚ್ಚು ಹಿಡಿದುಕೊಡುತ್ತದೆ. ತೂಬಿನ ಬಳಿಯ ಹೂಳಿನ ಬಗ್ಗೆ ಕೇಳಿದರೆ, ತೂಬಿನ ಕೆಳಗೆ ಗದ್ದೆಯಿರುವ ನಾಲ್ಕೈದು ಮನೆಗಳವರಲ್ಲಿ ಒಬ್ಬರೆಂದು ಯಾರಾದರೂ ಎಣಿಸಿಯಾರು. ಹೀಗಾಗಿ ನಿಮ್ಮ ಕೆರೆಯೊಂದನ್ನೇ ಕೇಳದೆ, ಆ ವರ್ಷ ತಾಲ್ಲೂಕಿನಲ್ಲಿ ಮುಗಿದಿರುವ ಎಲ್ಲ ಕೆರೆ ಕಾಮಗಾರಿಗಳ ಪಟ್ಟಿಯನ್ನು, ಹೆಸರು ಮತ್ತು ಮೊತ್ತ ಮಾತ್ರ, ಕೇಳಿ. ಪಟ್ಟಿ ಬಂದ ಮೇಲೆ ಅದರಲ್ಲಿ ಐದಾರು ಕೆರೆಗಳ ಕಡತಗಳನ್ನು ಕೇಳಿ. ನಿಮ್ಮದು ಅವುಗಳಲ್ಲಿ ಒಂದಾಗಿರಲಿ. ಮಾಹಿತಿ ಕೇಳುವವರು ಆ ಊರಿನವರೇ ಆಗಿರಬೇಕೆಂಬ ನಿಯಮವಿಲ್ಲ, ಭಾರತದ ಯಾವ ನಾಗರಿಕರಾದರೂ ಕೇಳಬಹುದು. ದೂರದ ಜಿಲ್ಲೆಯಲ್ಲಿರುವ ನಂಬಿಕಸ್ಥ ಬಂಧುವೊಬ್ಬರು ತಮ್ಮ ಹೆಸರಿನಲ್ಲಿ ಕೇಳಲು ಒಪ್ಪಿದರೆ ಅದೂ ದಾರಿಯೇ. ಆದರೆ ನಿಮಗೆ ಬಂದ ಬೆದರಿಕೆಯನ್ನೂ ಅವರಿಗೆ ತೋರಿಸಿ, ಎಲ್ಲವನ್ನೂ ತಿಳಿಸಿಯೇ ಒಪ್ಪಿಗೆ ಪಡೆಯಿರಿ.

ನಿವೃತ್ತ ವಿಷಯ ನಿರ್ವಾಹಕಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಚೇರಿಗಳಲ್ಲಿ ಕೆಲಸ ಮಾಡಿದವಳಾಗಿ, ಅರ್ಜಿ ಒಳಗೆ ಬಂದ ಮೇಲೆ ಹೇಗೆ ಸಾಗುತ್ತದೆಂಬುದನ್ನು ಹೇಳುತ್ತೇನೆ. ಟಪಾಲಿನಲ್ಲಿ ಬಂದ ಕಾಗದ ಮೊದಲು ಆವಕ ವಹಿಯಲ್ಲಿ ದಾಖಲಾಗುತ್ತದೆ, ಅಲ್ಲಿ ಕಳುಹಿಸಿದವರ ಹೆಸರಿಗೇ ಒಂದು ಅಂಕಣವಿರುತ್ತದೆ. ಮೊಹರು ಬಿದ್ದು, ಅಧಿಕಾರಿಯ ಮೇಜಿನಿಂದ ವಿಷಯ ನಿರ್ವಾಹಕರಿಗೆ, ಅಲ್ಲಿಂದ ಕಡತವನ್ನು ಹುಡುಕಿ ತೆಗೆಯುವವರಿಗೆ, ಬಳಿಕ ಜೆರಾಕ್ಸ್ ಮಾಡುವವರಿಗೆ ಹೋಗುತ್ತದೆ. ಅಷ್ಟರಲ್ಲಿ ಐದಾರು ಜನರ ಕೈ ದಾಟಿರುತ್ತದೆ. ಇವರಲ್ಲಿ ಒಬ್ಬರು ಮೊಬೈಲ್ ತೆಗೆದರೆ ಸಾಕು. ಎಲ್ಲರೂ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅರ್ಜಿದಾರರ ವಿವರವಿರುವ ಪುಟವನ್ನು ಪ್ರತ್ಯೇಕವಾಗಿ ಲಕೋಟೆಯಲ್ಲಿಟ್ಟು, ಪ್ರಶ್ನೆಗಳಿರುವ ಪುಟವನ್ನಷ್ಟೇ ಕೆಳಗೆ ಕಳುಹಿಸುತ್ತಿದ್ದ ಅಧಿಕಾರಿಯೊಬ್ಬರ ಕೈಕೆಳಗೆ ನಾನೇ ಕೆಲಸ ಮಾಡಿದ್ದೇನೆ. ಆದ್ದರಿಂದ ನೀವೂ ವಿಳಾಸ ಮತ್ತು ಸಹಿಯನ್ನು ಒಂದು ಹಾಳೆಯಲ್ಲಿ, ಕೋರಿದ ಮಾಹಿತಿಯನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಹಾಗೆ ಬೇರ್ಪಡಿಸಲು ಅವರಿಗೆ ಸುಲಭವಾಗುತ್ತದೆ.

ಮಾಹಿತಿಯು ಗುತ್ತಿಗೆದಾರರಿಗೆ ಸಂಬಂಧಿಸಿದ್ದೆಂದು ತೋರಿದರೆ 11ನೇ ಕಲಮಿನಂತೆ ಅವರಿಗೆ ಮೂರನೆಯ ವ್ಯಕ್ತಿಯ ನೋಟಿಸ್ ಹೋಗಬಹುದು. ಇಂಥ ಮಾಹಿತಿಯನ್ನು ಕೋರಲಾಗಿದೆ, ಕೊಡಲು ಉದ್ದೇಶಿಸಲಾಗಿದೆ ಎಂದು ತಿಳಿಸಬೇಕೆನ್ನುತ್ತದೆ ಆ ಕಲಮು, ಕೋರಿದವರ ಹೆಸರನ್ನು ಹೇಳಬೇಕೆನ್ನುವುದಿಲ್ಲ. ಆದರೆ ಎಷ್ಟೋ ಕಡೆ ಅರ್ಜಿಯ ಪ್ರತಿಯನ್ನೇ ನೋಟಿಸಿಗೆ ಲಗತ್ತಿಸಿ ಕಳುಹಿಸಿಬಿಡುತ್ತಾರೆ. ಹಾಗೆ ಮಾಡಬಾರದೆಂದು ಮೊದಲೇ ಬರೆದುಕೊಡಿ.

ಇನ್ನೊಂದು ವಿಷಯ. ಕೆಲವರು ನಿಮಗೆ ಮೂಗರ್ಜಿ ಹಾಕಿ ಎಂದು ಸಲಹೆ ಕೊಡಬಹುದು. ಮೂಗರ್ಜಿಯೇ ಬೇರೆ, ಹೆಸರನ್ನು ಗೋಪ್ಯವಾಗಿಡಿ ಎಂದು ಕೇಳುವುದೇ ಬೇರೆ. ಹೆಸರಿಲ್ಲದ ಅರ್ಜಿಗಳು ನನ್ನ ಮೇಜಿಗೆ ನೂರಾರು ಬಂದಿವೆ. ಬಹಳಷ್ಟು ದ್ವೇಷದಿಂದ ಬರೆದವು, ಪ್ರಾಮಾಣಿಕ ನೌಕರರನ್ನೂ ನೋಯಿಸಿದಂಥವು. ಹೀಗಾಗಿಯೇ ಅವುಗಳನ್ನು ಸಾಮಾನ್ಯವಾಗಿ ಕಡತದಲ್ಲಿಟ್ಟು ಮುಕ್ತಾಯಗೊಳಿಸುತ್ತಾರೆ. ಲೋಕಾಯುಕ್ತಕ್ಕೆ ಹೋಗುವುದಾದರೆ 1984ರ ಕಾಯ್ದೆಯಂತೆ ನಿಗದಿತ ನಮೂನೆಯ ಜೊತೆಗೆ ಪ್ರಮಾಣಪತ್ರವನ್ನೂ (ಅಫಿಡವಿಟ್) ಕೊಡಬೇಕು, ತನಿಖೆ ಆರಂಭವಾದರೆ ದೂರಿನ ಪ್ರತಿ ಆಪಾದಿತ ನೌಕರರಿಗೆ ಹೋಗುತ್ತದೆ. ಅದನ್ನು ತಿಳಿದುಕೊಂಡೇ ಮುಂದುವರಿಯಿರಿ.

ಹೆಸರು ಗೋಪ್ಯವಾಗಿಡಿ ಎಂದು ಕೇಳಿಕೊಂಡವರಿಗೆ ಏನಾಯಿತೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು 2002ರಲ್ಲಿ ಸುವರ್ಣ ಚತುಷ್ಪಥ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಮಂತ್ರಿಯವರ ಕಚೇರಿಗೆ ಬರೆದರು, ತಮ್ಮ ಗುರುತನ್ನು ಗುಟ್ಟಾಗಿಡಬೇಕೆಂದು ಆ ಪತ್ರದಲ್ಲೇ ಕೋರಿದ್ದರು. ಪತ್ರ ಹೆಸರಿನ ಸಮೇತ ಇಲಾಖೆಯಿಂದ ಇಲಾಖೆಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದರ ನಂತರ, 2004ರಲ್ಲಿ, ಕೇಂದ್ರ ಸರ್ಕಾರದ ನೌಕರರ ವಿರುದ್ಧದ ದೂರುಗಳನ್ನು ಕೇಂದ್ರ ಜಾಗೃತ ಆಯೋಗವು ಗೋಪ್ಯವಾಗಿ ಸ್ವೀಕರಿಸುವ ವ್ಯವಸ್ಥೆ ಬಂದಿತು. ಅದರಲ್ಲಿ ದೂರನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸಬೇಕು. ದೂರಿನ ಒಕ್ಕಣೆಯಲ್ಲಿ ಬರೆದವರ ಸುಳಿವು ಸಿಗುವ ಯಾವ ಮಾತೂ ಇರಬಾರದು. ‘ಹಳೆಯ ಅರ್ಜಿದಾರ’ರು ಮೇಲೆ ಹೇಳಿದ್ದೂ ಇದನ್ನೇ. ರಾಜ್ಯದ ಕಾಮಗಾರಿಗಳಿಗೆ ಆ ವ್ಯವಸ್ಥೆ ಅನ್ವಯಿಸುವುದಿಲ್ಲ, ಆದರೆ ಬರೆಯುವ ಆ ಕ್ರಮವನ್ನು ಎಲ್ಲಿಯಾದರೂ ಅನುಸರಿಸಬಹುದು.

ತಂತ್ರಾಂಶ ಪರೀಕ್ಷಕ

ಫೋನಿನ ಬಗ್ಗೆ ಕೇಳಿದ್ದೀರಿ. ಯಾರಿಂದ ಮರೆಯಾಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ನಮ್ಮಲ್ಲಿ ಪ್ರತಿಯೊಂದು ಸಿಮ್ಮೂ ಗುರುತಿನ ದಾಖಲೆಯ ಮೇಲೆ ಕೊಟ್ಟದ್ದು; ಪೊಲೀಸರು ಕಾನೂನುಬದ್ಧವಾಗಿ ಹುಡುಕಿದರೆ ನಂಬರಿನ ಹಿಂದಿರುವವರು ಸಿಕ್ಕೇ ಸಿಗುತ್ತಾರೆ. ನಿಮಗೆ ಬೇಕಾಗಿರುವುದು ಗುತ್ತಿಗೆದಾರರಿಂದ ಮತ್ತು ಅವರ ಪರಿಚಯಸ್ಥರಿಂದ ರಕ್ಷಣೆ. ಅದು ಸಾಧ್ಯವಿದೆ.

ವಾಟ್ಸ್‌ಆ್ಯಪ್ ಸಂದೇಶಗಳು 2016ರಿಂದ ಎರಡೂ ತುದಿಗಳ ನಡುವೆ ಗೂಢಲಿಪಿಯಲ್ಲಿ ಸಾಗುತ್ತವೆ, ದಾರಿಯಲ್ಲಿ ಯಾರೂ ಓದಲಾರರು. ಆದರೆ ಗುಂಪಿಗೆ ಸೇರಿದ ಕೂಡಲೇ ನಿಮ್ಮ ನಂಬರು ಎಲ್ಲ ಸದಸ್ಯರಿಗೂ ಕಾಣಿಸುವುದನ್ನಾಗಲಿ, ಓದಿದವರೊಬ್ಬರು ಸ್ಕ್ರೀನ್‌ಶಾಟ್ ತೆಗೆಯುವುದನ್ನಾಗಲಿ ಗೂಢಲಿಪಿ ತಡೆಯುವುದಿಲ್ಲ. ಕೆರೆಯ ವಿಷಯ ಮಾತನಾಡಲು ನಾಲ್ಕು ಜನ ಸೇರುವುದಾದರೆ ಸಿಗ್ನಲ್ ಬಳಸಿ. 2024ರಿಂದ ಅದರಲ್ಲಿ ನಂಬರನ್ನು ಮರೆಮಾಡಿ ಬಳಕೆಹೆಸರಿನಿಂದಲೇ ಸಂಪರ್ಕಿಸಬಹುದು, ಸಂದೇಶಗಳು ನಿಗದಿತ ಸಮಯದ ನಂತರ ತಾವಾಗಿಯೇ ಅಳಿಸಿಹೋಗುವಂತೆಯೂ ಮಾಡಬಹುದು. ಅಪರಿಚಿತರಿಗೆ ಯುಪಿಐ ಮೂಲಕ ಹಣ ಕಳುಹಿಸಿದರೆ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ಅವರಿಗೆ ತಿಳಿದುಹೋಗುತ್ತದೆ, ಆದ್ದರಿಂದ ಜೆರಾಕ್ಸ್ ಅಂಗಡಿಯಲ್ಲಿ ನಗದು ಕೊಡಿ.

ಫೋಟೋಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಚಾಲೂ ಇದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶ, ಸಮಯ, ಫೋನಿನ ಮಾದರಿ ಎಲ್ಲವೂ ಚಿತ್ರದೊಳಗೇ ಕುಳಿತಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಆ ವಿವರಗಳು ಕಳಚಿಹೋಗುತ್ತವೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಹಾಗೆಯೇ ಉಳಿಯುತ್ತವೆ. ನಿಮ್ಮ ಮನೆಯ ಅಂಗಳದಿಂದ ಏರಿಯ ಫೋಟೋ ತೆಗೆದು ಕಳುಹಿಸಿದರೆ ಹೆಸರು ಬರೆಯದಿದ್ದರೂ ಬರೆದಂತೆಯೇ. ಆದರೆ ದೂರಿಗೆ ಸಾಕ್ಷ್ಯವಾಗಿ ಅದೇ ಸ್ಥಳ, ಸಮಯದ ವಿವರ ಬೇಕಾಗುತ್ತದೆ. ಆದ್ದರಿಂದ ಮೂಲವನ್ನು ಮುಟ್ಟದೆ ಒಂದು ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡು, ಹಂಚುವುದಕ್ಕೆ ಬೇರೆ ಪ್ರತಿ ಮಾಡಿಕೊಳ್ಳಿ.

ಹೆಸರನ್ನು ಬಿಟ್ಟರೆ ಸಾಕೆಂಬ ನಂಬಿಕೆ ಸರ್ಕಾರಗಳಲ್ಲೂ ಇದೆ. 2020ರ ಮಾರ್ಚಿನಲ್ಲಿ ಮನೆಯಲ್ಲೇ ಕ್ವಾರಂಟೈನಿನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತು. ಆ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅಕ್ಕಪಕ್ಕದವರಿಗೆ ಮನೆಯ ವಿಳಾಸವೊಂದೇ ಸಾಕಾಗಿತ್ತು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿ ಆಗ ಮೂರು ವರ್ಷವೂ ಆಗಿರಲಿಲ್ಲ. ಆ ಪ್ರಕರಣದ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೆಂಬುದು ಇದನ್ನು ಇನ್ನಷ್ಟು ನೋವಿನ ಸಂಗತಿಯನ್ನಾಗಿ ಮಾಡುತ್ತದೆ.

ಕೊನೆಯದಾಗಿ, ಕೇಳದೆಯೇ ಸಿಗುವುದನ್ನು ಮೊದಲು ನೋಡಿ. ಗ್ರಾಮ ಪಂಚಾಯಿತಿಯ ಮೂಲಕ ಆದ ಪಾವತಿಯಾದರೆ ಇ-ಗ್ರಾಮಸ್ವರಾಜ್ ತಾಣದಲ್ಲಿ ಯೋಜನೆ, ವೋಚರುಗಳ ವಿವರ ಸಿಗಬಹುದು. ಅದನ್ನು ನೋಡಲು ಯಾರಿಗೂ ಹೆಸರು ಹೇಳಬೇಕಾಗಿಲ್ಲ.

ಕೆರೆಯಂಗಳ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮೇಡಂ, ಆವಕ ವಹಿಯ ವಿಷಯ ಓದಿದ ಮೇಲೆ ಫೋಟೋ ಎಲ್ಲಿ ತೆಗೆದಿರಬಹುದೆಂಬುದು ಸ್ವಲ್ಪ ಅರ್ಥವಾಗುತ್ತಿದೆ. ನಿನ್ನೆ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದೆ. ಇ-ಗ್ರಾಮಸ್ವರಾಜ್‌ನಲ್ಲಿ ಹುಡುಕಿದಾಗ ನಮ್ಮ ಕೆರೆಯ ಹೆಸರಿನಲ್ಲಿ ಎರಡು ವೋಚರುಗಳು ಸಿಕ್ಕಿದವು, ಎರಡನೆಯದರ ಬಗ್ಗೆ ನನಗೆ ಗೊತ್ತೇ ಇರಲಿಲ್ಲ. ಒಂದು ಅನುಮಾನ ಉಳಿದಿದೆ: ಅಂಚೆ ಪೆಟ್ಟಿಗೆಯನ್ನು ನಮ್ಮೂರಿನ ಅಂಚೆ ಕಚೇರಿಯಲ್ಲಿ ಕೇಳಿದರೆ ಅದೇ ಸುದ್ದಿಯಾಗುತ್ತದಲ್ಲವೇ? ಹಾಗೆಯೇ, ಆ ಗುತ್ತಿಗೆದಾರರೇ ಮಾಹಿತಿ ಹಕ್ಕಿನಡಿ ನನ್ನ ಪೊಲೀಸ್ ದೂರಿನ ಪ್ರತಿಯನ್ನು ಕೇಳಿದರೆ?

ಹಳೆಯ ಅರ್ಜಿದಾರ

ಖಂಡಿತ ಸುದ್ದಿಯಾಗುತ್ತದೆ, ಆದ್ದರಿಂದ ಜಿಲ್ಲಾ ಕೇಂದ್ರದ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಎರಡನೆಯ ಪ್ರಶ್ನೆಗೆ 8(1)(ಜಿ) ಕಲಮಿನಲ್ಲಿ ಉತ್ತರವಿದೆ: ಬಹಿರಂಗಪಡಿಸಿದರೆ ಯಾರದಾದರೂ ಜೀವಕ್ಕೆ ಅಥವಾ ದೈಹಿಕ ಸುರಕ್ಷತೆಗೆ ಅಪಾಯವಾಗುವಂಥ, ಅಥವಾ ಕಾನೂನು ಪಾಲನೆಗಾಗಿ ಗೋಪ್ಯವಾಗಿ ಮಾಹಿತಿ ಕೊಟ್ಟವರ ಗುರುತು ಸಿಗುವಂಥ ಮಾಹಿತಿಯನ್ನು ನಿರಾಕರಿಸಬಹುದು. ಆ ಕಲಮನ್ನು ಹೆಸರಿಸಿ, ತಾಯಿಯವರ ವಿಷಯವಾಗಿ ಬಂದ ಬೆದರಿಕೆಯನ್ನೂ ಉಲ್ಲೇಖಿಸಿ, ಠಾಣೆಗೆ ಇನ್ನೊಂದು ಪತ್ರವನ್ನು ಈ ವಾರವೇ ಕೊಡಿ. ಆ ಎರಡನೆಯ ವೋಚರಿನ ಪುಟವನ್ನು ಇಂದೇ ಮುದ್ರಿಸಿಟ್ಟುಕೊಳ್ಳಿ, ತಾರೀಖು ಕಾಣಿಸುವಂತೆ.